12 ಡೀಸೆಲ್ ಲಗೇಜ್ ಆಟೊಗಳ ಜಾಗಕ್ಕೆ ಕರೆಂಟ್ ಗಾಡಿ ತಂದ ನನ್ನ ಅನುಭವ

ನಾನು ಬೆಂಗಳೂರಿನ ಪೀಣ್ಯದಲ್ಲಿ ಲಗೇಜ್ ಆಟೊಗಳನ್ನು ಓಡಿಸುವ ಸಣ್ಣ ಸಾಗಣೆದಾರ. 2021ರ ಕೊನೆಯಲ್ಲಿ ನನ್ನ ಬಳಿ ಇದ್ದ 14 ಗಾಡಿಗಳೂ ಡೀಸೆಲ್‌ನವೇ ಆಗಿದ್ದವು. ಇಂದು ಅವುಗಳಲ್ಲಿ ಎರಡು ಮಾತ್ರ ಉಳಿದಿದ್ದು, ಹಸಿರು ಪ್ಲೇಟಿನ ಮೇಲೆ ಹಳದಿ ಅಂಕಿಗಳಿರುವ 17 ವಿದ್ಯುತ್ ಗಾಡಿಗಳು ಶೆಡ್ಡಿನಲ್ಲಿ ನಿಲ್ಲುತ್ತವೆ. "ಎರಡು ವರ್ಷದಲ್ಲಿ ಎಲ್ಲಾನೂ ಗುಜರಿಗೆ ಹಾಕ್ತೀಯ ನೋಡು" ಎಂದು ಯಶವಂತಪುರದ ಎಪಿಎಂಸಿ ಯಾರ್ಡಿನ ಚಹಾದಂಗಡಿಯಲ್ಲಿ ನನಗೆ ಹೇಳಿದ್ದ ಮೂವರು ಮಾಲೀಕರಲ್ಲಿ ಇಬ್ಬರು ಕಳೆದ ದೀಪಾವಳಿಯ ನಂತರ ಶೆಡ್ಡಿಗೇ ಬಂದು ಲೆಕ್ಕದ ಪುಸ್ತಕ ತೋರಿಸುವಂತೆ ಕೇಳಿದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ಬಹುಮಟ್ಟಿಗೆ ನೆನಪಿನಿಂದ ಬಂದವು. ನೂರಿನ್ನೂರು ರೂಪಾಯಿ ಆಚೀಚೆ ಇರಬಹುದು.

ಈ ಧಂದೆಯಲ್ಲಿರುವವರೆಲ್ಲ ಮೊದಲು ಕೇಳುವುದು ಸಬ್ಸಿಡಿಯ ಬಗ್ಗೆ. ನನ್ನ ಮಟ್ಟಿಗೆ ಸರ್ಕಾರ ಕೊಟ್ಟ ಸೌಲಭ್ಯಗಳಲ್ಲಿ ಅತಿ ಕಡಿಮೆ ಕೆಲಸಕ್ಕೆ ಬಂದದ್ದೇ ಅದು. ವಿದ್ಯುತ್ ವಾಹನ ಕೊಳ್ಳಲು ಕೇಂದ್ರ ಸರ್ಕಾರ ನೆರವು ಕೊಡುತ್ತಿದ್ದ ಫೇಮ್ ಯೋಜನೆಯ ಎರಡನೇ ಹಂತದಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ (ಅಂದರೆ ಒಂದು ಯೂನಿಟ್ ಹಿಡಿಯುವ ಸಾಮರ್ಥ್ಯಕ್ಕೆ) 10 ಸಾವಿರದಂತೆ, ನಾನು ಕೊಂಡ ಗಾಡಿಗೆ 70 ಸಾವಿರದ ಆಸುಪಾಸು ಬೆಲೆ ಇಳಿದಿತ್ತು ನಿಜ. ಆದರೆ ಸಾಲದ ಪತ್ರ ಕೈಗೆ ಬಂದಾಗ ಆ 70 ಸಾವಿರ ಎಲ್ಲಿಗೆ ಹೋಯಿತೆಂದು ಅರ್ಥವಾಯಿತು. ಡೀಸೆಲ್ ಗಾಡಿಗೆ ಶೇಕಡ 11ರ ಬಡ್ಡಿಯಲ್ಲಿ 4 ವರ್ಷದ ಸಾಲ ಕೊಡುತ್ತಿದ್ದ ಅದೇ ಸಾಲ ಸಂಸ್ಥೆ, ಬ್ಯಾಟರಿ ಗಾಡಿಗೆ ಮರುಮಾರಾಟದ ಬೆಲೆ ಗೊತ್ತಿಲ್ಲವೆಂಬ ಕಾರಣ ಹೇಳಿ ಶೇಕಡ 18ರ ಬಡ್ಡಿ ಹಾಕಿ ಅವಧಿಯನ್ನು 3 ವರ್ಷಕ್ಕೆ ಇಳಿಸಿತು. ಡೀಸೆಲ್ ಗಾಡಿಯ ಕಂತು 7 ಸಾವಿರದ ಸುತ್ತ ಇದ್ದರೆ, ಮೂರೂವರೆ ಲಕ್ಷದ ಈ ಸಾಲಕ್ಕೆ ಕಂತು 12,600 ದಾಟಿತು.

ಇನ್ನೊಂದು ಕಡೆಯ ಲೆಕ್ಕ ಹೀಗಿತ್ತು. ಡೀಸೆಲ್ ಗಾಡಿಗೆ ಕಿಲೋಮೀಟರಿಗೆ 3 ರೂಪಾಯಿ 20 ಪೈಸೆಯಿಂದ 30 ಪೈಸೆಯವರೆಗೆ ಬೀಳುತ್ತಿದ್ದರೆ, ಕರೆಂಟ್ ಗಾಡಿಗೆ ಸರಿಯಾದ ದರದಲ್ಲಿ ಚಾರ್ಜ್ ಮಾಡಿದರೆ 65 ಪೈಸೆ ಸಾಕಾಗುತ್ತದೆ. ದಿನಕ್ಕೆ 80 ಕಿಲೋಮೀಟರಿನಂತೆ ತಿಂಗಳಿಗೆ 26 ದಿನ ಓಡಿಸಿದರೆ ಉಳಿಯುವುದು 5,400. ಕಂತಿನ ವ್ಯತ್ಯಾಸವೇ 5,600. ಅಂದರೆ ಮೊದಲ ವರ್ಷ ನಾನು ಓಡಿಸಿದ್ದು ಸಾಲ ಕೊಟ್ಟವರ ಲಾಭಕ್ಕಾಗಿ. ಚಹಾದಂಗಡಿಯಲ್ಲಿ ಆ ಮಾಲೀಕರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದೆಂದರೆ ಮೊದಲ ಹದಿನಾಲ್ಕು ತಿಂಗಳು ನಾನು ಸರಿಯಾದ ದರದಲ್ಲಿ ಚಾರ್ಜ್ ಮಾಡಲೇ ಇಲ್ಲ. ಶೆಡ್ಡಿನಲ್ಲಿದ್ದ ವಾಣಿಜ್ಯ ಮೀಟರಿಗೇ ಸಾಕೆಟ್‌ಗಳನ್ನು ಹಾಕಿಸಿದ್ದೆ. ಯೂನಿಟ್‌ಗೆ 8 ರೂಪಾಯಿಯ ಮೇಲೆ ಬೀಳುತ್ತಿತ್ತು. ರಾಜ್ಯದ ವಿದ್ಯುತ್ ದರ ನಿರ್ಧರಿಸುವ ಆಯೋಗವಾದ ಕೆಇಆರ್‌ಸಿ ವಾಹನ ಚಾರ್ಜಿಂಗ್‌ಗಾಗಿಯೇ ಎಲ್‌ಟಿ-6 ಎಂಬ ವರ್ಗದಲ್ಲಿ ಪ್ರತ್ಯೇಕ ದರ ನಿಗದಿ ಮಾಡಿದ್ದು, ಅದು 5 ರೂಪಾಯಿಯ ಆಸುಪಾಸಿನಲ್ಲೇ ಇದ್ದದ್ದು ನನಗೆ ಗೊತ್ತಾದದ್ದು ಪಕ್ಕದ ಶೆಡ್ಡಿನ ಎಲೆಕ್ಟ್ರಿಷಿಯನ್ ಬಾಯಿಂದ. ಪ್ರತ್ಯೇಕ ಮೀಟರಿಗೆ ಹಾಕಿದ ಅರ್ಜಿ ಎರಡು ಬಾರಿ ವಾಪಸ್ಸು ಬಂತು, ಎರಡೂ ಸಲ ತಪ್ಪು ನಮ್ಮದೇ: ಒಮ್ಮೆ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಇರಲಿಲ್ಲ, ಇನ್ನೊಮ್ಮೆ ನನ್ನ ಕಂಟ್ರಾಕ್ಟರ್ ಪ್ರತಿ ಸಾಕೆಟ್ಟಿಗೆ 3 ಕಿಲೋವ್ಯಾಟ್ ಹಿಡಿಯುವ ಬದಲು ಒಂದೂವರೆ ಬರೆದು ಮಂಜೂರಾತಿ ಲೋಡನ್ನು (ಒಟ್ಟಿಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿಯನ್ನು) ಅರ್ಧಕ್ಕೆ ಇಳಿಸಿದ್ದ. ಠೇವಣಿ, ಕೇಬಲ್, ಪ್ಯಾನೆಲ್, ಅರ್ತಿಂಗ್ ಎಲ್ಲ ಸೇರಿ ಒಂದು ಲಕ್ಷ 90 ಸಾವಿರದ ಹತ್ತಿರ ಹೋಯಿತು. ಗಾಡಿ ಕೊಳ್ಳುವಾಗ ಈ ಖರ್ಚನ್ನು ಯಾರೂ ಹೇಳುವುದಿಲ್ಲ, ಸಾಲವೂ ಸಿಗುವುದಿಲ್ಲ. ಮೀಟರ್ ಬರುವ ಮುನ್ನ ಗಾಡಿ ಬುಕ್ ಮಾಡಬೇಡಿ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ಪರ್ಮಿಟ್ ವಿಷಯದಲ್ಲಿ ನಾನು ಹೆಚ್ಚು ಪೆಟ್ಟು ತಿನ್ನಲಿಲ್ಲ. ಬ್ಯಾಟರಿ ವಾಹನಗಳಿಗೆ, ಅವು ಜನರನ್ನು ಒಯ್ಯಲಿ ಸರಕನ್ನು ಒಯ್ಯಲಿ, ಪರ್ಮಿಟ್ ಬೇಕಿಲ್ಲವೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರ ಅಕ್ಟೋಬರ್ 18ರಂದೇ ಅಧಿಸೂಚನೆ ಹೊರಡಿಸಿದೆ. ಆದರೂ ನಮ್ಮ ನೋಂದಣಿ ಮಾಡಿಸುತ್ತಿದ್ದ ಏಜೆಂಟ್ ಪ್ರತಿ ಗಾಡಿಗೆ ಪರ್ಮಿಟ್ ಖರ್ಚೆಂದು ಎರಡೂವರೆ ಸಾವಿರ ಬರೆದ ಚೀಟಿ ಕೊಟ್ಟ. ಅಧಿಸೂಚನೆಯ ಪ್ರಿಂಟ್ ತೆಗೆದು ಅವನ ಮೇಜಿನ ಮೇಲಿಟ್ಟೆ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇದನ್ನ ಇಟ್ಕೊಳ್ಳಲಾ ಸಾರ್?" ಎಂದು ಕೇಳಿ ಡ್ರಾಯರ್‌ಗೆ ಸೇರಿಸಿದ. ಆಮೇಲೆ ಅದೇ ಕಾಗದ ತೋರಿಸಿ "ಪರ್ಮಿಟ್ ಇಲ್ಲದಂಗೆ ಮಾಡಿಸಿಕೊಡ್ತೀನಿ" ಎಂದು ಬೇರೆಯವರಿಂದ ಒಂದೊಂದು ಸಾವಿರ ವಸೂಲು ಮಾಡುತ್ತಿದ್ದಾನೆಂದು ಕೇಳಿದ್ದೇನೆ. ರಾಜ್ಯದ ಮೋಟಾರು ವಾಹನ ತೆರಿಗೆಯ ವಿನಾಯಿತಿ, 2021ರ ಆಗಸ್ಟ್‌ನಿಂದ ಆರ್‌ಸಿ ಶುಲ್ಕದ ವಿನಾಯಿತಿ, 2022ರ ಜೂನ್‌ನಿಂದ ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಶೇಕಡ 15ರ ರಿಯಾಯಿತಿ, ಇವೆಲ್ಲ ಕೇಳದೆಯೇ ಸಿಕ್ಕವು. ಬಿಡಿಬಿಡಿಯಾಗಿ ಸಣ್ಣವೇ, ಆದರೂ ಗಾಡಿ ಇರುವಷ್ಟು ದಿನ ನಿಲ್ಲುವಂಥವು.

ಕೇಳಿ ಪಡೆದದ್ದು ಸವಕಳಿ, ಅಂದರೆ ಗಾಡಿ ಹಳೆಯದಾದಂತೆ ಇಳಿಯುವ ಬೆಲೆಯನ್ನು ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯುವುದು. ಬಾಡಿಗೆಗೆ ಓಡುವ ಡೀಸೆಲ್ ಗಾಡಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇಕಡ 30ರ ಸವಕಳಿ ಸಿಕ್ಕರೆ, ವಿದ್ಯುತ್ ವಾಹನವನ್ನು ನವೀಕರಿಸಬಹುದಾದ ಇಂಧನದ ಸಲಕರಣೆಗಳ ಸಾಲಿಗೆ ಸೇರಿಸಿ ಶೇಕಡ 40 ತೋರಿಸಬಹುದು. ನಮ್ಮ ಆಡಿಟರ್ ಮೊದಲು ಇದನ್ನು ನಂಬಲಿಲ್ಲ. ನಿಯಮಗಳ ಅನುಬಂಧ ತೆರೆದು ಓದಿದ ಮೇಲೆ ಒಪ್ಪಿದರು. ಆದರೆ 10 ಗಾಡಿಗಳ ಒಳಗಿದ್ದು ಲೆಕ್ಕ ತೋರಿಸುವ ಬದಲು ಗಾಡಿಗೆ ತಿಂಗಳಿಗೆ 7,500 ರೂಪಾಯಿಯ ಅಂದಾಜು ಆದಾಯ ಘೋಷಿಸುವ ಸಣ್ಣ ಮಾಲೀಕರಿಗೆ ಇದರಿಂದ ದಮ್ಮಡಿಯ ಉಪಯೋಗವಿಲ್ಲ. ಯೋಜನೆಗಳನ್ನು ಬರೆಯುವವರು ಇದನ್ನು ಯೋಚಿಸಿದಂತೆ ಕಾಣುವುದಿಲ್ಲ, ಏಕೆಂದರೆ ಈ ಊರಿನ ಲಗೇಜ್ ಆಟೊಗಳಲ್ಲಿ ಬಹುಪಾಲು ಒಂದೋ ಎರಡೋ ಗಾಡಿ ಇಟ್ಟುಕೊಂಡವರ ಕೈಯಲ್ಲೇ ಇವೆ.

ಇಷ್ಟಾದರೂ ಕಂತಿನ ಗೋಡೆ ಹಾಗೆಯೇ ನಿಂತಿತ್ತು. ಅದನ್ನು ದಾಟಿಸಿದ್ದು ಕಿಲೋಮೀಟರ್. ದಿನಕ್ಕೆ 80ರ ಬದಲು 130 ಓಡಿಸಿದರೆ ತಿಂಗಳ ಉಳಿತಾಯ 8,700 ದಾಟುತ್ತದೆ, ಕಂತಿನ ವ್ಯತ್ಯಾಸ ಕಳೆದ ಮೇಲೂ 3 ಸಾವಿರ ಕೈಯಲ್ಲಿ ನಿಲ್ಲುತ್ತದೆ. ಆಯಿಲ್, ಕ್ಲಚ್, ಫಿಲ್ಟರ್ ಇಲ್ಲದ್ದರಿಂದ ಇನ್ನೊಂದು ಸಾವಿರದೈನೂರು ಸೇರುತ್ತದೆ. ಲೋಡು ಹಾಕಿದ ನನ್ನ ಗಾಡಿ ಒಂದು ಚಾರ್ಜಿಗೆ 85 ಕಿಲೋಮೀಟರ್ ಮೀರುವುದಿಲ್ಲವಾದ್ದರಿಂದ ದಿನವನ್ನೇ ಎರಡು ಪಾಳಿಗೆ ಒಡೆದೆ. ಬೆಳಗ್ಗೆ ಐದೂವರೆಯಿಂದ ಹನ್ನೊಂದರವರೆಗೆ ದಿನಸಿ ಅಂಗಡಿಗಳ ಸರಕು, ಹನ್ನೊಂದರಿಂದ ಎರಡರವರೆಗೆ ಶೆಡ್ಡಿನಲ್ಲಿ ಚಾರ್ಜಿಂಗ್, ಆಮೇಲೆ ರಾತ್ರಿ ಒಂಬತ್ತರವರೆಗೆ ಆನ್‌ಲೈನ್ ಕಂಪನಿಗಳ ಪಾರ್ಸೆಲ್. ಎರಡನೇ ಪಾಳಿಯ ಡ್ರೈವರ್ ಸಂಬಳ ಆ ಪಾಳಿಯ ಬಾಡಿಗೆಯಲ್ಲೇ ಹುಟ್ಟುತ್ತದೆ. ಯಾವ ಗಾಡಿಯನ್ನು ಯಾವ ಹೊತ್ತಿಗೆ, ಶೇಕಡ ಎಷ್ಟಕ್ಕೆ ಪ್ಲಗ್ ತೆಗೆಯಬೇಕೆಂಬುದಕ್ಕೆ ನಾನು ಮಾಡಿಕೊಂಡ ಒಂದು ಪಟ್ಟಿಯಿದೆ. ಮಂಜೂರಾದ 36 ಕಿಲೋವ್ಯಾಟ್‌ನಲ್ಲೇ 17 ಗಾಡಿಗಳು ಸುಧಾರಿಸುವುದು ಆ ಪಟ್ಟಿಯಿಂದ. ಅದನ್ನು ತಯಾರಿಸಲು ನನಗೆ ಎಂಟು ತಿಂಗಳು ಹಿಡಿದಿರುವುದರಿಂದ ಇಲ್ಲಿ ಬರೆಯುತ್ತಿಲ್ಲ.

ಎರಡು ಪಾಳಿಗೆ ಬೇಕಾದಷ್ಟು ಕೆಲಸ ಸಿಕ್ಕದ್ದಕ್ಕೆ ದೆಹಲಿ ಸರ್ಕಾರಕ್ಕೂ ಒಂದು ನಮಸ್ಕಾರ ಹೇಳಬೇಕು. 2023ರ ನವೆಂಬರ್‌ನಲ್ಲಿ ಅಲ್ಲಿ ಅಧಿಸೂಚನೆಯಾದ ಯೋಜನೆಯ ಪ್ರಕಾರ 25ಕ್ಕಿಂತ ಕಡಿಮೆಯಿಲ್ಲದಷ್ಟು ವಾಹನ ಇಟ್ಟುಕೊಂಡ ಡೆಲಿವರಿ ಕಂಪನಿಗಳು ಹಂತಹಂತವಾಗಿ ಬದಲಾಗುತ್ತ, 2030ರ ಏಪ್ರಿಲ್ ಒಂದರ ಹೊತ್ತಿಗೆ ಪೂರ್ತಿ ವಿದ್ಯುತ್ತಿಗೆ ಹೋಗಬೇಕು. ನಿಯಮ ದೆಹಲಿಯದಾದರೂ, ನಮಗೆ ಕೆಲಸ ಕೊಡುವ ಒಂದು ಕಂಪನಿ ಎಲ್ಲ ಊರುಗಳಿಗೂ ಒಂದೇ ಟೆಂಡರ್ ನಮೂನೆ ಮಾಡಿ, ಬೆಂಗಳೂರಿನಲ್ಲೂ ಇಂತಿಷ್ಟು ಗಾಡಿ ಹಸಿರು ಪ್ಲೇಟಿನವೇ ಇರಬೇಕೆಂದು ಬರೆಯಿತು. ಆ ಟೆಂಡರಿನ ಸಭೆಯಲ್ಲಿ ವಿದ್ಯುತ್ ಗಾಡಿಯ ಆರ್‌ಸಿ ಸಮೇತ ಕೂತಿದ್ದ ಸಣ್ಣ ಸಾಗಣೆದಾರ ನಾನೊಬ್ಬನೇ. ಅವರಿಗೆ ನನ್ನ ಗಾಡಿ ಬೇಕಿದ್ದ ಆ ಒಂದು ತಿಂಗಳಲ್ಲೇ ಕನಿಷ್ಠ ಕಿಲೋಮೀಟರಿನ ಖಾತರಿಯನ್ನು ಕರಾರಿಗೆ ಸೇರಿಸಿಕೊಂಡೆ. ಆ ಕರಾರಿನ ಪ್ರತಿಯನ್ನು ಹಿಡಿದು ಬೇರೆ ಬ್ಯಾಂಕಿಗೆ ಹೋದಾಗ ಬಡ್ಡಿ 18ರಿಂದ ಹದಿಮೂರೂವರೆಗೆ ಇಳಿಯಿತು. ಕರಾರಿನ ಮಾತುಗಳು ನನಗೂ ನನ್ನ ವಕೀಲರಿಗೂ ಇರಲಿ.

ಎಲ್ಲವೂ ಸರಾಗವಾಗಿತ್ತೆಂದು ತಿಳಿಯಬಾರದು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಹೊರವರ್ತುಲ ರಸ್ತೆ ಕೆರೆಯಾಗಿದ್ದಾಗ ನನ್ನ ಒಂದು ಗಾಡಿ ಬೆಳ್ಳಂದೂರಿನ ಹತ್ತಿರ ಸೊಂಟದಷ್ಟು ನೀರಿನಲ್ಲಿ ಎರಡು ಗಂಟೆ ನಿಂತಿತು. ಡ್ರೈವರ್ ಹುಡುಗ ಗಾಡಿಯ ಮೇಲೆ ಹತ್ತಿ ಕೂತು, "ಅಣ್ಣಾ, ಇಳಿದ್ರೆ ಶಾಕ್ ಹೊಡೆಯುತ್ತಾ?" ಎಂದು ಫೋನಿನಲ್ಲಿ ಕೇಳುತ್ತಿದ್ದ. ನನಗೆ ಉತ್ತರ ಗೊತ್ತಿರಲಿಲ್ಲ. ಶೋರೂಮಿಗೆ ಫೋನ್ ಮಾಡಿದರೆ ಅವರಿಗೂ ಗೊತ್ತಿರಲಿಲ್ಲ. ಹುಡುಗನಿಗೆ ಏನೂ ಆಗಲಿಲ್ಲ, ಆದರೆ ಬ್ಯಾಟರಿಯ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದು ಮೂರು ವಾರದ ನಂತರ ಗಾಡಿ ಸತ್ತಿತು. ವಾರಂಟಿ ನೀರಿಗೆ ಅನ್ವಯಿಸುವುದಿಲ್ಲವೆಂದರು, ವಿಮೆಯವರು ಬ್ಯಾಟರಿ ಪ್ರತ್ಯೇಕವೆಂದರು. ಒಂದು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ನನ್ನ ಜೇಬಿನಿಂದಲೇ ಹೋಯಿತು. ಅಂದಿನಿಂದ ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಬೇರೆ ಖಾತೆಗೆ ಹಾಕುತ್ತಿದ್ದೇನೆ, ಅದನ್ನು ಮುಟ್ಟುವುದಿಲ್ಲ. ಮೇಲೆ ಹೇಳಿದ ಲಾಭದಲ್ಲಿ ಈ ರೂಪಾಯಿಯನ್ನು ಕಳೆದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಕಂತು ನಡೆಯುವ ಮೂರು ವರ್ಷ ಅದು ಇಡೀ ಲಾಭದ ಮುಕ್ಕಾಲು ಪಾಲನ್ನು ನುಂಗುತ್ತದೆ, ನಿಜವಾದ ಫಸಲು ಕಂತು ಮುಗಿದ ಮೇಲೆ.

ದೊಡ್ಡ ಎಡವಟ್ಟು 2024ರ ಮಾರ್ಚ್‌ನದು. ಫೇಮ್ ಆ ತಿಂಗಳ 31ಕ್ಕೆ ಮುಗಿಯುತ್ತದೆಂದು ತಿಳಿದೂ, ಇನ್ನೊಮ್ಮೆ ಮುಂದೂಡುತ್ತಾರೆಂದು ನಂಬಿ, 8 ಗಾಡಿಗಳ ಮುಂಗಡವನ್ನು ಮಾರ್ಚ್ ಎರಡನೇ ವಾರದವರೆಗೆ ತಡೆದಿಟ್ಟೆ. ಹಿಂದೆ 2022ಕ್ಕೆ ಮುಗಿಯಬೇಕಿದ್ದುದನ್ನು ಎರಡು ವರ್ಷ ಮುಂದೂಡಿದ್ದರಲ್ಲ, ಆ ಧೈರ್ಯ. ಈ ಸಲ ಮುಂದೂಡಲಿಲ್ಲ. ಏಪ್ರಿಲ್ ಒಂದರಿಂದ ಬಂದ ಹೊಸ ಯೋಜನೆಯಲ್ಲಿ ಕಿಲೋವ್ಯಾಟ್ ಅವರ್‌ಗೆ 5 ಸಾವಿರ, ಗಾಡಿಗೆ 50 ಸಾವಿರದ ಮಿತಿ. ಎಂಟೂ ಗಾಡಿ ಸೇರಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಕೈಬಿಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ ಬಂದಾಗ ಮಾತ್ರ ಎರಡನೇ ವರ್ಷಕ್ಕೆ ದರ ಅರ್ಧವಾಗುತ್ತದೆಂದು ಮೊದಲೇ ಬರೆದಿತ್ತು. ಉಳಿದ 4 ಗಾಡಿಗಳನ್ನು ದರ ಇಳಿಯುವ ಮುನ್ನವೇ ನೋಂದಣಿ ಮಾಡಿಸಿ ಮುಗಿಸಿದೆ. ಮೊತ್ತ ಎಷ್ಟೇ ಇರಲಿ, ಯಾವಾಗ ಇಳಿಯುತ್ತದೆಂದು ಮೊದಲೇ ತಿಳಿಸಿದರೆ ನಮ್ಮಂಥವರು ಲೆಕ್ಕ ಹಾಕಿಕೊಳ್ಳಬಹುದು.

ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆ. ಶೆಡ್ಡಿನ ಮೇಲೆ 5 ಕಿಲೋವ್ಯಾಟ್‌ನ ಸೋಲಾರ್ ಹಾಕಿಸಿದ್ದು ಮಧ್ಯಾಹ್ನದ ಚಾರ್ಜಿಂಗ್‌ಗೆ ಒಂದಿಷ್ಟು ನೆರವಾದರೂ, ಪೀಣ್ಯದ ದೂಳು ವಾರಕ್ಕೆ ಎರಡು ಸಲ ತೊಳೆಯದಿದ್ದರೆ ಉತ್ಪಾದನೆಯನ್ನು ಕಣ್ಣೆದುರೇ ಇಳಿಸುತ್ತದೆ, ತೊಳೆಯಲು ಟ್ಯಾಂಕರ್ ನೀರು ಬೇಕು. ಬ್ಯಾಟರಿ ಬದಲಿಸಿಕೊಳ್ಳುವ ವ್ಯವಸ್ಥೆಯ ಎರಡು ಗಾಡಿಗಳನ್ನು ನಾಲ್ಕು ತಿಂಗಳು ಬಾಡಿಗೆಗೆ ಓಡಿಸಿ ನೋಡಿದೆ. ಕಂತು ಕಡಿಮೆ, ಆದರೆ ಕಿಲೋಮೀಟರಿಗೆ ಒಂದೂಮುಕ್ಕಾಲು ರೂಪಾಯಿ ಬಿತ್ತು. ಎರಡು ಪಾಳಿ ಓಡಿಸುವವನಿಗೆ ಅದು ಹೊಂದುವುದಿಲ್ಲ, ದಿನಕ್ಕೆ 50 ಕಿಲೋಮೀಟರ್ ಓಡಿಸುವವರು ಬೇಕಾದರೆ ನೋಡಬಹುದು.

ಹೊಸದಾಗಿ ಕೊಳ್ಳುವವರು ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಡೀಸೆಲ್ ಮೂರು ಚಕ್ರದ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ವಿದ್ಯುತ್ ಗಾಡಿಯದು 2019ರಿಂದಲೂ 5 ಇದ್ದದ್ದು 5ರಲ್ಲೇ ಇದೆ. ಅಂತರ ಅಷ್ಟರಮಟ್ಟಿಗೆ ಕಿರಿದಾಗಿದೆ.

ಉಳಿಸಿಕೊಂಡ ಎರಡು ಡೀಸೆಲ್ ಗಾಡಿಗಳು ದಾಬಸ್‌ಪೇಟೆ, ತುಮಕೂರಿನ ಕಡೆಗೆ ಹೋಗುತ್ತವೆ. ಹುಬ್ಬಳ್ಳಿಗೆ ಲಾರಿ ಓಡಿಸುವ ನಮ್ಮ ಅಣ್ಣ ಕಳೆದ ತಿಂಗಳು ಶೆಡ್ಡಿಗೆ ಬಂದಿದ್ದ. ಪಿಎಂ ಇ-ಡ್ರೈವ್‌ನಲ್ಲಿ ವಿದ್ಯುತ್ ಲಾರಿಗೆ 9 ಲಕ್ಷ 60 ಸಾವಿರದವರೆಗೆ ನೆರವಿದೆಯೆಂದು ಅವನು ಓದಿದ್ದ; ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಕೊಡಬೇಕೆಂಬುದನ್ನು ಓದಿರಲಿಲ್ಲ. ಇಬ್ಬರೂ ಕೂತು ಕಂತು, ದಾರಿಯಲ್ಲಿ ಚಾರ್ಜಿಂಗ್‌ಗೆ ನಿಲ್ಲುವ ಹೊತ್ತು, ವಾಪಸ್ ಬರುವ ಖಾಲಿ ಟ್ರಿಪ್ ಎಲ್ಲವನ್ನೂ ಬರೆದೆವು. ಒಂಟಿ ಲಾರಿ, ಖಾತರಿಯ ಕರಾರಿಲ್ಲ, 400 ಕಿಲೋಮೀಟರ್ ದಾರಿ. ಸದ್ಯಕ್ಕೆ ಬೇಡ ಎಂದೆ. "ನಿನಗಾದ್ರೆ ಲಾಭ, ನನಗಾದ್ರೆ ಬೇಡ್ವಾ?" ಎಂದು ಅಣ್ಣ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಲೆಕ್ಕದ ಹಾಳೆಯನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡಿದ್ದ.