ಬಾಲಮಂದಿರದಿಂದ ಮನೆಗೆ: ಮಗುವನ್ನು ಕರೆತರುವುದು ಹೇಗೆ?

ಹುಟ್ಟುಹಬ್ಬ, ಪುಣ್ಯತಿಥಿ, ಜಾತ್ರೆ, ಏನೇ ಇರಲಿ, ಕಲಬುರಗಿಯಲ್ಲಿ ಮಕ್ಕಳ ನಿಲಯಗಳಿಗೆ ಊಟ ಕಳಿಸುವವರು ಬಹಳ ಜನ. ಶರಣಬಸವೇಶ್ವರರ ದಾಸೋಹದ ಊರಿದು. ಹೋಳಿಗೆ ಬರುತ್ತದೆ, ತುಪ್ಪ ಬರುತ್ತದೆ, ಹೊಸ ಬಟ್ಟೆಯೂ ಬರುತ್ತದೆ. ಸಂಜೆ ಎಲ್ಲರೂ ಹೊರಟ ಮೇಲೆ ಮಗು ಸಾಲಾಗಿ ಹಾಸಿದ ಹಾಸಿಗೆಗಳಲ್ಲಿ ತನ್ನದಕ್ಕೆ ಮರಳುತ್ತದೆ. ರಾತ್ರಿ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಅಂದಿನ ಪಾಳಿಯವರು. ಪ್ರೀತಿಯಿಂದಲೇ ನೋಡುತ್ತಾರೆ. ಬೆಳಿಗ್ಗೆ ಅವರ ಪಾಳಿ ಮುಗಿಯುತ್ತದೆ.

ಮಗುವಿಗೆ ಪಾಳಿ ಬದಲಾಗದ ಮನೆ ಬೇಕು. 2015ರ ಬಾಲನ್ಯಾಯ ಕಾಯ್ದೆ ಹೇಳುವುದೂ ಇದನ್ನೇ: ಬೇರೆ ದಾರಿಯೇ ಇಲ್ಲದಾಗ ಮಾತ್ರ ಮಗುವನ್ನು ಸಂಸ್ಥೆಯಲ್ಲಿ ಇಡಬೇಕು. ಹಾಗಾದರೆ ಒಂದು ಮಗುವನ್ನು ಮನೆಗೆ ಕರೆತರಲು ಎಲ್ಲಿಂದ ಶುರು ಮಾಡಬೇಕು?

ಮೊದಲು ಮಗುವಿನ ಸ್ವಂತ ಮನೆ ಹುಡುಕಿ

ಬಾಲಮಂದಿರದ, ಅಂದರೆ ಸರ್ಕಾರದ ಮಕ್ಕಳ ನಿಲಯದ, ಮಕ್ಕಳೆಲ್ಲ ಅನಾಥರು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ನಿಜವಲ್ಲ. ತಂದೆ ತೀರಿಕೊಂಡಿರುತ್ತಾರೆ, ತಾಯಿ ಗುಳೆ ಹೋಗಿ ಪುಣೆಯಲ್ಲೋ ಮುಂಬೈಯಲ್ಲೋ ಕಟ್ಟಡ ಕೆಲಸ ಮಾಡುತ್ತಿರುತ್ತಾರೆ. ಇನ್ನೊಂದು ಮಗುವಿಗೆ ಆಳಂದದ ಕಡೆ ಅಜ್ಜಿ ಇರುತ್ತಾಳೆ, ಸೇಡಂ ಕಡೆ ಸೋದರಮಾವ ಇರುತ್ತಾನೆ. ಮಗುವಿನ ಮೇಲೆ ಅವರಿಗೆ ಪ್ರೀತಿ ಇರುತ್ತದೆ. ಇಲ್ಲದಿರುವುದು ಕೈಯಲ್ಲಿ ದುಡ್ಡು, ಮತ್ತು ಯಾವ ಕಚೇರಿಗೆ ಹೋಗಬೇಕು ಎಂಬ ತಿಳಿವಳಿಕೆ.

ನೀವು ಅಂಥ ಅಜ್ಜಿಯೋ ಮಾವನೋ ಆಗಿದ್ದರೆ, ಹೋಗಬೇಕಾದದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಕಾನೂನಿನ ಪ್ರಕಾರ ತಿಂಗಳಿಗೆ ಕನಿಷ್ಠ 20 ದಿನ ಅದು ಸೇರಬೇಕು. ಮಗು ಎಲ್ಲಿರಬೇಕು ಎಂದು ಆದೇಶ ಮಾಡುವ ಅಧಿಕಾರ ಇರುವುದು ಇದಕ್ಕೇ, ನಿಲಯದ ಮೇಲ್ವಿಚಾರಕರಿಗಲ್ಲ. ಅದಕ್ಕೇ ನಿಲಯದ ಗೇಟಿನ ಹತ್ತಿರ ಹೋಗಿ ಕೇಳಿ, ಇಲ್ಲ ಅನ್ನಿಸಿಕೊಂಡು, ಅಳುತ್ತಾ ಹಿಂದೆ ಬರಬೇಡಿ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸಮಿತಿಗೆ ಕೊಡಿ: ಮಗುವಿನ ಹೆಸರು, ನಿಮಗೂ ಮಗುವಿಗೂ ಏನು ಸಂಬಂಧ, ಮನೆಯಲ್ಲಿ ಯಾರ್‍ಯಾರು ಇದ್ದೀರಿ, ಮಗುವನ್ನು ಯಾವ ಶಾಲೆಗೆ ಹಾಕುತ್ತೀರಿ. ಒಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆ ನೋಡಲು ಬರುತ್ತಾರೆ. ಮನೆ ಚಿಕ್ಕದು ಅಂತ ನಾಚಿಕೊಳ್ಳಬೇಕಾಗಿಲ್ಲ. ತಗಡಿನ ಮನೆ ಇದ್ದರೂ ಮಗುವಿಗೆ ಅಲ್ಲಿ ಭಯ ಇಲ್ಲ, ಹೊಡೆತ ಇಲ್ಲ, ಶಾಲೆ ಇದೆ ಅನ್ನುವುದೇ ಮುಖ್ಯ. ಮಗುವನ್ನೂ ಕೇಳುತ್ತಾರೆ, ಕೇಳಲೇಬೇಕು. ಚಿಕ್ಕ ಮಗು ಒಮ್ಮೆ ಹೂಂ ಅಂದು ಮರುದಿನ ಬೇಡ ಅನ್ನಬಹುದು. ಆಗ ಬೇಸರ ಮಾಡಿಕೊಳ್ಳದೆ ಮತ್ತೆ ಮತ್ತೆ ಹೋಗಿ ಮಾತಾಡಿಸಿ.

ದುಡ್ಡಿನ ವಿಷಯಕ್ಕೆ ಬರೋಣ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ ಕೆಳಗೆ ಪ್ರಾಯೋಜಕತ್ವ ಎಂಬ ನೆರವು ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗಂಡನನ್ನು ಕಳೆದುಕೊಂಡ ತಾಯಿಯ ಮಕ್ಕಳು, ಅಜ್ಜಿ ಅಥವಾ ಕಾಕಾನ ಮನೆಯಲ್ಲಿ ಬೆಳೆಯುವ ತಬ್ಬಲಿಗಳು, ದೊಡ್ಡ ಕಾಯಿಲೆ ಬಿದ್ದ ತಂದೆ ತಾಯಿಯ ಮಕ್ಕಳು, ಇವರೆಲ್ಲ ಅರ್ಜಿ ಹಾಕಬಹುದು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ಮೀರಬಾರದು. ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ತೀರಿಕೊಂಡವರ ಮರಣ ಪ್ರಮಾಣಪತ್ರ, ಶಾಲೆಯ ಸ್ಟಡಿ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್ ಹೊಂದಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಸಿಗದೇ ಇರುವುದು ಮರಣ ಪ್ರಮಾಣಪತ್ರ. ಅದನ್ನು ಮೊದಲು ಮಾಡಿಸಿ. ಮಂಜೂರು ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ನೆರವು ಮುಂದುವರಿಯಬೇಕಾದರೆ ಮಗು ಶಾಲೆ ತಪ್ಪಿಸಬಾರದು. ಮನೆಯವರೆಲ್ಲ ಸುಗ್ಗಿ ಮುಗಿಸಿ ಗುಳೆ ಹೊರಟಾಗ ಮಗು ಯಾರ ಹತ್ತಿರ ಉಳಿಯುತ್ತದೆ ಎಂದು ಮೊದಲೇ ಯೋಚಿಸಿ.

ಈ ನೆರವು ಬಾಲಮಂದಿರದಿಂದ ಬಂದ ಮಗುವಿಗೆ ಮಾತ್ರ ಅಲ್ಲ. ಮಗು ನಿಲಯ ಸೇರುವ ಮೊದಲೇ ಅದನ್ನು ತಡೆಯುವುದಕ್ಕೂ ಇದೇ ದುಡ್ಡು. ನಿಮ್ಮ ಓಣಿಯಲ್ಲಿ ಯಾರಾದರೂ 'ಇನ್ನು ಸಾಕಲಾರೆ, ಹಾಸ್ಟೆಲಿಗೆ ಬಿಡುತ್ತೇನೆ' ಅಂದರೆ, ದಯವಿಟ್ಟು ಈ ವಿಷಯ ಅವರಿಗೆ ಹೇಳಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಎಲ್ಲ ಮಗುವನ್ನೂ ಹಿಂದಕ್ಕೆ ಕಳಿಸಲಾಗದು ಎಂಬುದೂ ನಿಜ. ನಮ್ಮ ಭಾಗದಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಹದಿನೈದರ ಹುಡುಗಿಯನ್ನು ಮನೆಗೆ ಕಳಿಸಿದ ಮೇಲೆ ಹೋಗಿ ನೋಡುವವರಿಲ್ಲದಿದ್ದರೆ, ಆರು ತಿಂಗಳಲ್ಲಿ ಅರಿಶಿನ ಹಚ್ಚುವ ಅಪಾಯ ಇದ್ದೇ ಇದೆ. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಟೀಚರ್, ಗ್ರಾಮ ಪಂಚಾಯಿತಿಯವರು ಆ ಮನೆಯ ಮೇಲೆ ಕಣ್ಣಿಡಬೇಕು. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸ್ವಂತದವರ ಮನೆಗೆ ಕಳಿಸಲಾಗದಿದ್ದರೆ: ಪೋಷಕತ್ವ

ಫಾಸ್ಟರ್ ಕೇರ್ ಅಂತ ಕೇಳಿರಬಹುದು. ಕನ್ನಡದಲ್ಲಿ ಪೋಷಕತ್ವ ಅನ್ನುತ್ತಾರೆ. ದತ್ತು ಬೇರೆ, ಇದು ಬೇರೆ. ದತ್ತು ಪಡೆದ ಮಗು ಎಲ್ಲ ರೀತಿಯಲ್ಲೂ ನಿಮ್ಮ ಮಗು, ಆಸ್ತಿಯ ಹಕ್ಕೂ ಬರುತ್ತದೆ. ಪೋಷಕತ್ವದಲ್ಲಿ ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಆದರೆ ಅದರ ಹೆಸರು, ಹೆತ್ತವರ ಸಂಬಂಧ ಹಾಗೇ ಉಳಿಯುತ್ತವೆ. ಹೆತ್ತವರು ಬಂದು ನೋಡಿ ಹೋಗಲೂಬಹುದು.

2024ರಲ್ಲಿ ಕೇಂದ್ರ ಸರ್ಕಾರ ಇದರ ಮಾರ್ಗಸೂಚಿಯನ್ನು ಸಡಿಲ ಮಾಡಿತು. ಆರು ವರ್ಷ ದಾಟಿದ ಮಕ್ಕಳನ್ನು ಕಳಿಸಿಕೊಡುತ್ತಾರೆ. ಗಂಡ ಹೆಂಡತಿ ಮಾತ್ರವಲ್ಲ, ಮದುವೆಯಾಗದವರು, ವಿಧವೆಯರು, ವಿಚ್ಛೇದನ ಪಡೆದವರೂ ಮುಂದೆ ಬರಬಹುದು. ಒಂಟಿ ಹೆಣ್ಣುಮಗಳು ಹುಡುಗ, ಹುಡುಗಿ ಯಾರನ್ನಾದರೂ ಸಾಕಬಹುದು. ಒಂಟಿ ಗಂಡಸಿಗೆ ಹುಡುಗನನ್ನು ಮಾತ್ರ ಕೊಡುತ್ತಾರೆ. ಮಗು ಎರಡು ವರ್ಷ ಜೊತೆಗಿದ್ದರೆ ಮುಂದೆ ದತ್ತು ಕೇಳಬಹುದು. ಮೊದಲು ಇದಕ್ಕೆ ಐದು ವರ್ಷ ಕಾಯಬೇಕಿತ್ತು.

ಅರ್ಜಿಯನ್ನು ಪರಿಶೀಲಿಸುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ. ಆರೋಗ್ಯ ತಪಾಸಣೆ, ಪೊಲೀಸ್ ಪರಿಶೀಲನೆ, ಮನೆ ಭೇಟಿ ಎಲ್ಲ ಆಗುತ್ತದೆ. ಮನೆಯ ಹಿರಿಯರನ್ನೂ ನಿಮ್ಮ ಸ್ವಂತ ಮಕ್ಕಳನ್ನೂ ಕೂರಿಸಿ ಮಾತಾಡಿಸುತ್ತಾರೆ. ನೀವೂ ಅದಕ್ಕೆ ಮೊದಲು ಮಾತಾಡಿ. 'ಯಾರ ಮನೆ ಕೂಸೋ, ಯಾವ ಜಾತಿಯೋ' ಅನ್ನುವ ಮಾತು ಮನೆಯಲ್ಲಿ ಯಾರದಾದರೂ ಬಾಯಲ್ಲಿ ಬಂದರೆ, ಅದು ಮುಗಿಯುವವರೆಗೆ ಮಗುವನ್ನು ತರಬೇಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಅಣ್ಣ ತಂಗಿ ಇದ್ದರೆ ಇಬ್ಬರನ್ನೂ ಒಟ್ಟಿಗೆ ಇಡಲು ಪ್ರಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸಾಧ್ಯವಿದ್ದರೆ ಇಬ್ಬರಿಗೂ ಜಾಗ ಮಾಡಿ. ಇಲ್ಲೂ ತಿಂಗಳಿಗೆ 4,000 ರೂಪಾಯಿ ನೆರವು ಇದೆ.

ತೀರಾ ಚಿಕ್ಕ ಕೂಸಾದರೆ

ಶಿಶುಗಳ ವಿಷಯದಲ್ಲಿ ತಡ ಮಾಡಬಾರದು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಕೂಸುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಒಂದಿದೆ. ಅರ್ಧ ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದರು. ಮನೆ ಸೇರಿದ ಮಕ್ಕಳು ಬುದ್ಧಿಯಲ್ಲೂ ಮಾತಿನಲ್ಲೂ ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರು ಇನ್ನೂ ಚೆನ್ನಾಗಿ ಬೆಳೆದರು.

ದತ್ತು ಬೇಕಾದವರು ಕಾರಾ (ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಜಾಲತಾಣದಲ್ಲಿ ನೋಂದಾಯಿಸಬೇಕು. ಹೆಸರು ಪಟ್ಟಿಯಲ್ಲಿ ಮೇಲೆ ಬರುವವರೆಗೆ ಕಾಯಬೇಕು. 2022ರಿಂದ ದತ್ತು ಆದೇಶವನ್ನು ಜಿಲ್ಲಾಧಿಕಾರಿಯೇ ಕೊಡುತ್ತಾರೆ, ಕೋರ್ಟಿಗೆ ಅಲೆಯಬೇಕಾಗಿಲ್ಲ. ಕಾಯುವುದು ಕಷ್ಟ ಎಂದು ಆಸ್ಪತ್ರೆಯ ಹಿಂಬಾಗಿಲಲ್ಲಿ, ಬಾಂಡ್ ಪೇಪರ್ ಮೇಲೆ ಕೂಸು ತೆಗೆದುಕೊಳ್ಳಬೇಡಿ. ದುಡ್ಡು ಕೊಟ್ಟು ಮಗುವನ್ನು ಕೊಂಡರೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ. ಸಾಕಲಾಗದ ತಾಯಿ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾದರೆ 60 ದಿನದೊಳಗೆ ಹಿಂದೆ ಪಡೆಯಬಹುದು. ಕಸದ ತೊಟ್ಟಿಯ ಹತ್ತಿರ ಬಿಟ್ಟುಹೋಗುವ ಅಗತ್ಯ ಯಾರಿಗೂ ಇಲ್ಲ.

ಮನೆಗೆ ಬಂದ ಮೇಲಿನ ದಿನಗಳು

ಮೊದಲ ವಾರ ಮಗು ತುಂಬಾ ಒಳ್ಳೆಯದಾಗಿ ಇರುತ್ತದೆ. ಹೇಳಿದ್ದೆಲ್ಲ ಮಾಡುತ್ತದೆ. ನೀರು ಕುಡಿಯಲೂ ಕೇಳುತ್ತದೆ, 'ಕುಡಿಯಲಾ?' ಅಂತ. ಆಮೇಲೆ ಒಂದು ದಿನ ತಲೆದಿಂಬಿನ ಕೆಳಗೆ ಒಣಗಿದ ರೊಟ್ಟಿ ಸಿಗುತ್ತದೆ. ಬೈಯಬೇಡಿ. ನಾಳೆ ಸಿಗುತ್ತೋ ಇಲ್ಲವೋ ಎಂಬ ಅಂಜಿಕೆ ಅದು. ರೊಟ್ಟಿ ಬುಟ್ಟಿ ಎಲ್ಲಿದೆ ಎಂದು ತೋರಿಸಿ, ಹಸಿವಾದಾಗ ನೀನೇ ತೆಗೆದುಕೋ ಎನ್ನಿ. ಹಾಸಿಗೆ ಒದ್ದೆಯಾದರೆ ನಾಲ್ಕು ಜನರ ಮುಂದೆ ಹೇಳಬೇಡಿ.

ಅವ್ವ, ಅಪ್ಪ ಅನ್ನು ಎಂದು ಒತ್ತಾಯಿಸಬೇಡಿ. ಕಾಕಾ, ಕಾಕಿ ಅಂದರೂ ಸಾಕು. ಹೆತ್ತ ತಾಯಿಯನ್ನು ಮಗುವಿನ ಎದುರು ಹಗುರವಾಗಿ ಮಾತಾಡಬೇಡಿ. ಅವಳ ಫೋಟೊ ಇದ್ದರೆ ಮಗುವಿನ ಪುಸ್ತಕದ ಚೀಲದಲ್ಲೇ ಇರಲಿ. ಮಗುವಿನ ಮನೆಮಾತು ಲಂಬಾಣಿ, ಮರಾಠಿ ಅಥವಾ ತೆಲುಗು ಆಗಿದ್ದರೆ, ಆ ಮಾತು ಬಲ್ಲ ಪಕ್ಕದ ಮನೆಯವರನ್ನು ಆಗಾಗ ಕರೆಯಿರಿ. ತನ್ನ ಭಾಷೆಯಲ್ಲಿ ಯಾರಾದರೂ 'ಊಟ ಆಯ್ತಾ' ಅಂದರೆ ಮಗುವಿನ ಮುಖ ಅರಳುತ್ತದೆ.

ಇನ್ನೊಂದು, ಬಾಲಮಂದಿರದ ಗೆಳೆಯರನ್ನು ಮರೆತುಬಿಡು ಅನ್ನಬೇಡಿ. ಅಷ್ಟು ದಿನ ಅವರೇ ಅದಕ್ಕೆ ಅಣ್ಣ ತಮ್ಮಂದಿರು. ನಿಲಯದವರ ಒಪ್ಪಿಗೆ ಪಡೆದು, ಹದಿನೈದು ದಿನಕ್ಕೊಮ್ಮೆ ಭಾನುವಾರ ಕರೆದುಕೊಂಡು ಹೋಗಿ. ಸಂಜೆ ಹೊರಡುವಾಗ 'ಬಾ, ನಮ್ಮ ಮನೆಗೆ ಹೋಗೋಣ' ಎಂದು ಕೈ ಹಿಡಿದು ಕರೆತನ್ನಿ.