ಮಳೆ ಜೋರಾಗುವ ಮೊದಲು ಮನೆಯೊಳಗಿನ ನೆಟ್‌ವರ್ಕ್ ಸರಿ ಮಾಡಿಕೊಳ್ಳಿ

ಕಳೆದ ಆರಿದ್ರಾ ಮಳೆಯಲ್ಲಿ ಒಂದು ಸಂಜೆ ಮರ ಬಿದ್ದು ನಮ್ಮ ಮನೆಗೆ ಬರುವ ಫೈಬರ್ ಲೈನ್ ತುಂಡಾಯಿತು. ಅಪ್ಪಯ್ಯ ಜಗಲಿಯಿಂದ ಕೂಗಿದರು: "ನೆಟ್ ಹೋಯ್ತು ಮಾರಾಯ. ಇನ್ನು ಪ್ರಿಂಟೂ ಬರಲ್ಲ ಅಲ್ವಾ?" ಪ್ರಿಂಟರ್ ಇರುವುದು ನಡುಮನೆಯಲ್ಲಿ, ಕಂಪ್ಯೂಟರ್‌ನಿಂದ ಇಪ್ಪತ್ತು ಅಡಿ ದೂರ. "ಕೊಟ್ಟು ನೋಡಿ" ಅಂದೆ. ಬಂತು. ಅವರಿಗೆ ಆಶ್ಚರ್ಯ.

ಈ ಆಶ್ಚರ್ಯವನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮನೆಯೊಳಗಿನ ನೆಟ್‌ವರ್ಕ್ ಬೇರೆ, ಹೊರಗಿನಿಂದ ಬರುವ ಇಂಟರ್ನೆಟ್ ಬೇರೆ. ಮನೆಯ ನಲ್ಲಿ, ಪೈಪು, ಟ್ಯಾಂಕಿ ನಮ್ಮದು, ಗುಡ್ಡದಿಂದ ಬರುವ ಅಬ್ಬಿ ನೀರು ಹೊರಗಿನದು, ಹಾಗೆ. ಹೊರಗಿನ ಲೈನ್ ತುಂಡಾದರೂ ಮನೆಯ ಕಂಪ್ಯೂಟರ್, ಫೋನ್, ಪ್ರಿಂಟರ್ ಒಂದಕ್ಕೊಂದು ಮಾತಾಡುತ್ತಲೇ ಇರುತ್ತವೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಮೊದಲು ಕಂಪ್ಯೂಟರ್‌ನ ಪರಿಚಯ

ಇಲ್ಲಿ ವಿಂಡೋಸ್ ಅಂತ ಇಟ್ಟುಕೊಂಡು ಹೇಳುತ್ತೇನೆ, ನಮ್ಮ ಕಡೆ ಜಾಸ್ತಿ ಇರುವುದು ಅದೇ. ನಿಮ್ಮದು ವಿಂಡೋಸ್ 10 ಆಗಿದ್ದರೆ ಒಂದು ಮಾತು ಗೊತ್ತಿರಲಿ. ಅದಕ್ಕೆ ಮೈಕ್ರೋಸಾಫ್ಟ್ ಮಾಮೂಲಿಯಾಗಿ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಏರಿಸಲು ಆಗುತ್ತದಾ ನೋಡಿ. ಹಳೆಯ ಯಂತ್ರ ಅದಕ್ಕೆ ಒಗ್ಗದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಸಬಹುದು. ಅದು ಉಚಿತ, ನೋಡುವುದಕ್ಕೂ ವಿಂಡೋಸ್ ಹಾಗೇ ಇದೆ. ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರ್‌ಗೆ ಅಪ್‌ಡೇಟ್ ಬರುತ್ತಿರಲೇಬೇಕು.

ಕೀಬೋರ್ಡ್‌ನಲ್ಲಿ ಕೆಳಗೆ ಎಡಕ್ಕೆ ನಾಲ್ಕು ಚೌಕದ ಗುರುತಿರುವ ಕೀ ಇದೆಯಲ್ಲ, ಅದು ವಿಂಡೋಸ್ ಕೀ. ಅದರ ಜೊತೆ ‘ಇ’ ಒತ್ತಿದರೆ ಫೈಲ್‌ಗಳು ತೆರೆಯುತ್ತವೆ. ‘ಐ’ ಒತ್ತಿದರೆ ಸೆಟ್ಟಿಂಗ್ಸ್. ‘ಎಲ್’ ಒತ್ತಿದರೆ ಸ್ಕ್ರೀನಿಗೆ ಬೀಗ. ಕಂಪ್ಯೂಟರ್ ತೀರಾ ನಿಧಾನವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ, ಯಾವ ಪ್ರೋಗ್ರಾಂ ಯಂತ್ರವನ್ನು ಹಿಡಿದುಕೊಂಡು ಕೂತಿದೆ ಎಂದು ಅಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಈಗಿನ ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದಿದೆ. ಅದು ಆನ್ ಆಗಿದ್ದರೆ ಶಟ್‌ಡೌನ್ ಕೊಟ್ಟರೂ ಒಳಗಿನ ಸ್ವಲ್ಪ ಭಾಗ ಹಾಗೇ ಉಳಿದು, ಮರುದಿನ ಅಲ್ಲಿಂದಲೇ ಶುರುವಾಗುತ್ತದೆ. ಹೊಸದಾಗಿ ಏಳುವುದು ರಿಸ್ಟಾರ್ಟ್ ಕೊಟ್ಟಾಗ. "ನಿನ್ನೆ ಆಫ್ ಮಾಡಿದ್ದೆ, ಇವತ್ತೂ ಅದೇ ತೊಂದರೆ" ಎನ್ನುವವರಿಗೆ ನಾನು ಮೊದಲು ಹೇಳುವುದೇ ರಿಸ್ಟಾರ್ಟ್ ಕೊಡಿ ಅಂತ.

ಮನೆಯ ನಕ್ಷೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಫೈಬರ್ ಮನೆಯೊಳಗೆ ಬರುವ ಜಾಗ ಗುರುತು ಮಾಡಿ. ಅದು ಬಂದು ಸೇರುವ ಡಬ್ಬಿಗೆ ಒಎನ್‌ಟಿ ಅನ್ನುತ್ತಾರೆ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಕಂಪ್ಯೂಟರ್‌ಗೆ ತಿಳಿಯುವ ಸಿಗ್ನಲ್ ಮಾಡುವುದು ಅದರ ಕೆಲಸ. ಆ ಸಿಗ್ನಲನ್ನು ಮನೆಯ ಯಂತ್ರಗಳಿಗೆಲ್ಲ ಹಂಚುವುದು ರೂಟರ್. ಕೆಲವು ಮನೆಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ.

ರೂಟರ್ ಪ್ರತಿ ಯಂತ್ರಕ್ಕೂ ಒಂದು ನಂಬರ್ ಕೊಡುತ್ತದೆ, 192.168.1.5 ಎಂಬ ಹಾಗೆ. ಇದೇ ಐಪಿ ವಿಳಾಸ. ರೂಟರ್‌ನದ್ದು ಹೆಚ್ಚಾಗಿ 192.168.1.1 ಅಥವಾ 192.168.0.1 ಇರುತ್ತದೆ. ಈ ನಂಬರ್‌ಗಳು ಮನೆಯೊಳಗೆ ಮಾತ್ರ ನಡೆಯುತ್ತವೆ. ನಿಮ್ಮ ಮನೆಯಲ್ಲೂ ನಿಮ್ಮ ಅಕ್ಕನ ಮನೆಯಲ್ಲೂ ಅದೇ ನಂಬರ್ ಇದ್ದರೆ ಏನೂ ತೊಂದರೆಯಿಲ್ಲ.

ನಮ್ಮ ಹಳೆ ಮನೆಗಳ ದೊಡ್ಡ ತೊಂದರೆ ಗೋಡೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಇಲ್ಲದಿದ್ದರೆ ಜಂಬಿಟ್ಟಿಗೆ ಗೋಡೆ. ಮಳೆಗಾಲದಲ್ಲಿ ಅದು ನೀರು ಕುಡಿದು ನಿಂತಿರುತ್ತದೆ, ಒದ್ದೆ ಗೋಡೆಯಲ್ಲಿ ವೈಫೈ ಇನ್ನೂ ಜಾಸ್ತಿ ಸೋರಿ ಹೋಗುತ್ತದೆ. ಬೇಸಿಗೆಯಲ್ಲಿ ಹಿಂದಿನ ಕೋಣೆಗೆ ಬರುತ್ತಿದ್ದ ವೈಫೈ ಈಗ ಯಾಕೆ ಬರುತ್ತಿಲ್ಲ ಅಂತ ಕೇಳುವವರಿಗೆ ಇದೂ ಒಂದು ಉತ್ತರ. ಈಗಿನ ಹೆಚ್ಚಿನ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಬಗೆಯ ವೈಫೈ ಇರುತ್ತದೆ. 5ರದ್ದಕ್ಕೆ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಇರುವ ಕೋಣೆಯಲ್ಲೇ ಕೂರುವವರು 5 ಹಿಡಿಯಿರಿ. ದೂರದ ಕೋಣೆಗೆ 2.4 ಸರಿ.

ರೂಟರನ್ನು ಬೀರುವಿನ ಹಿಂದೆ, ಫ್ರಿಜ್ ಪಕ್ಕ ಇಡಬೇಡಿ. ಮನೆಯ ನಡುವೆ, ಎತ್ತರದಲ್ಲಿ ಇಡಿ. ನಮ್ಮದನ್ನು ಅಟ್ಟದ ಮೆಟ್ಟಿಲ ತುದಿಯಲ್ಲಿ ಇಟ್ಟಿದ್ದೇವೆ. ಮಣ್ಣಿನ ಗೋಡೆ ತಪ್ಪಿ, ಹಲಗೆ ಮಾತ್ರ ಅಡ್ಡ ಬರುತ್ತದೆ, ಜಗಲಿಗೂ ಮೇಲಿನ ಕೋಣೆಗೂ ಸಿಗುತ್ತದೆ. ಶಿವಮೊಗ್ಗದ ವಿನೋಬನಗರದಂಥ ಕಡೆ ಇರುವವರಿಗೆ ಅಕ್ಕಪಕ್ಕದ ಮನೆಯ ವೈಫೈಗಳೇ ಅಡ್ಡ. ಅವರು 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿಕೊಳ್ಳಬೇಕು. ಆ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಕೇಬಲ್ ಎಳೆಯುವುದಾದರೆ

ಕೂತ ಜಾಗ ಬಿಟ್ಟು ಕದಲದ ಕಂಪ್ಯೂಟರ್‌ಗೆ ವೈಫೈಗಿಂತ ಕೇಬಲ್ಲೇ ಮೇಲು. ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ತನ್ನಿ. ಅಂಗಡಿಯಲ್ಲಿ "ಪೂರ್ತಿ ತಾಮ್ರದ್ದು ಕೊಡಿ" ಅಂತ ಕೇಳಿ. ಕಡಿಮೆ ಬೆಲೆಯದ್ದರಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರ ಬಳಿದಿರುತ್ತಾರೆ, ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 100 ಮೀಟರ್ ಮಿತಿ.

ತುದಿಗೆ ಪಿನ್ (ಆರ್‌ಜೆ45 ಎಂಬ ಪ್ಲಾಸ್ಟಿಕ್ ಪ್ಲಗ್) ಹಾಕುವುದನ್ನು ಒಮ್ಮೆ ಕಲಿತುಬಿಡಿ. ಹೊರಗಿನ ಸಿಪ್ಪೆ ಒಂದು ಇಂಚಿನಷ್ಟು ಸುಲಿಯಿರಿ. ಒಳಗೆ ಎಂಟು ಎಳೆ, ಎರಡೆರಡು ಹೊಸೆದುಕೊಂಡು ನಾಲ್ಕು ಜೋಡಿ. ಅವನ್ನು ಬಿಡಿಸಿ, ಬೆರಳಲ್ಲಿ ತೀಡಿ ನೇರ ಮಾಡಿ. ಪಿನ್ನಿನ ನಾಲಿಗೆ ಕೆಳಗಿರಲಿ, ತಂತಿ ತೂರಿಸುವ ಬಾಯಿ ನಿಮ್ಮ ಕಡೆ ಇರಲಿ. ಈಗ ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂರುವುದನ್ನು ಗಮನಿಸಿ, ಎಲ್ಲರೂ ತಪ್ಪುವುದು ಅಲ್ಲೇ. ಎಂಟನ್ನೂ ಒತ್ತಿ ಹಿಡಿದು, ಅರ್ಧ ಇಂಚು ಉಳಿಯುವ ಹಾಗೆ ಒಂದೇ ಸಮ ಕತ್ತರಿಸಿ, ತುದಿ ಮುಟ್ಟುವವರೆಗೆ ತೂರಿಸಿ, ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿ. ಹೊರಗಿನ ಸಿಪ್ಪೆಯೂ ಪಿನ್ನಿನೊಳಗೆ ಸಿಕ್ಕಿಕೊಂಡಿರಬೇಕು. ಇನ್ನೊಂದು ತುದಿಗೂ ಅದೇ ಕ್ರಮ.

100 ಎಂಬಿಪಿಎಸ್ ವೇಗಕ್ಕೆ ಎಂಟರಲ್ಲಿ ನಾಲ್ಕು ಎಳೆ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಅದಕ್ಕೇ ನೀಲಿ ಅಥವಾ ಕಂದು ಎಳೆ ಸರಿಯಾಗಿ ಕೂರದಿದ್ದರೂ ನೆಟ್ ಬರುತ್ತದೆ, ಆದರೆ ವೇಗ ನೂರಕ್ಕೆ ನಿಂತುಬಿಡುತ್ತದೆ. ದುಡ್ಡು ಕೊಟ್ಟಷ್ಟು ವೇಗ ಬರುತ್ತಿಲ್ಲ ಅಂತ ಬೈಯುವ ಮೊದಲು ಪಿನ್ ನೋಡಿ.

ಸಿಡಿಲಿನ ಮಾತು ಇಲ್ಲೇ ಹೇಳಬೇಕು. ಕೆಲವು ವರ್ಷದ ಕೆಳಗೆ ಮನೆಯಿಂದ ಅಂಗಳದ ಆಚೆಗಿನ ಅಡಿಕೆ ಶೆಡ್ಡಿಗೆ, ಕ್ಯಾಮೆರಾಕ್ಕೆ ಅಂತ, ತಾಮ್ರದ ಕೇಬಲ್ ಎಳೆದಿದ್ದೆ. ಭರಣಿ ಮಳೆಯ ಒಂದು ಸಿಡಿಲು ಹತ್ತಿರದ ತೆಂಗಿನ ಮರಕ್ಕೆ ಹೊಡೆಯಿತು. ಕ್ಯಾಮೆರಾ, ರೂಟರ್, ಅಪ್ಪಯ್ಯನ ಕಂಪ್ಯೂಟರ್‌ನ ಮದರ್‌ಬೋರ್ಡ್ ಮೂರೂ ಒಟ್ಟಿಗೆ ಹೋದವು. ಎಲ್ಲ ಪ್ಲಗ್ಗನ್ನೂ ಕಿತ್ತಿಟ್ಟಿದ್ದೆವು. ಆದರೆ ನೆಟ್‌ವರ್ಕ್ ಕೇಬಲ್ ಕೀಳುವುದು ಹೊಳೆದಿರಲಿಲ್ಲ. ಆ ಸಂಜೆಯ ಸುಟ್ಟ ವಾಸನೆ ಇನ್ನೂ ನೆನಪಿದೆ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆಯಬೇಡಿ. ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ತಾಮ್ರದ ಕೇಬಲ್‌ಗೆ ಹೊಂದಿಸುವ ಡಬ್ಬಿ) ಹಾಕಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಫೈಬರ್ ಕೇಬಲ್‌ನ ಜೊತೆ ಹೆಚ್ಚಾಗಿ ಆಧಾರಕ್ಕೆ ಕಬ್ಬಿಣದ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಬಿಡಿಸಿ ಕಟ್ಟಬೇಕು, ಒಳಗೆ ತರಬಾರದು. ಗುಡುಗು ಇನ್ನೂ ದೂರ ಇರುವಾಗಲೇ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲನ್ನೂ ಕೀಳಿ. ತಲೆ ಮೇಲೆ ಸಿಡಿಲು ಬಡಿಯುತ್ತಿರುವಾಗ ಮುಟ್ಟಲು ಹೋಗಬೇಡಿ.

ರೂಟರ್ ಒಳಗೆ ಹೋಗಿ

ಬ್ರೌಸರ್‌ನಲ್ಲಿ ರೂಟರ್‌ನ ನಂಬರ್ ಹೊಡೆಯಿರಿ. ಹೆಸರು, ಪಾಸ್‌ವರ್ಡ್ ಡಬ್ಬಿಯ ತಳದಲ್ಲಿ ಅಂಟಿಸಿರುತ್ತಾರೆ. ಒಳಗೆ ಹೋದ ತಕ್ಷಣ ಆ ಪಾಸ್‌ವರ್ಡ್ ಬದಲಿಸಿ. ವೈಫೈನ ಬೀಗ, ಅಂದರೆ ‘ಸೆಕ್ಯುರಿಟಿ’, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇಡಿ. ಪಾಸ್‌ವರ್ಡ್ ಇಲ್ಲದೆ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಅಂತ ಇದ್ದರೆ ಆಫ್ ಮಾಡಿ. ನೆಂಟರಿಗೆ ‘ಗೆಸ್ಟ್’ ವೈಫೈ ಕೊಡಿ. ಅವರಿಗೆ ನೆಟ್ ಸಿಗುತ್ತದೆ, ನಿಮ್ಮ ಲೆಕ್ಕದ ಫೋಲ್ಡರ್ ಕಾಣುವುದಿಲ್ಲ.

ದೊಡ್ಡ ಮನೆಗೆ ಎರಡನೇ ರೂಟರ್ ಹಾಕುವವರು ಇದನ್ನು ನೆನಪಿಡಿ. ಮನೆಗೆ ನಂಬರ್ ಹಂಚುವ ಯಜಮಾನ ಒಬ್ಬನೇ ಇರಬೇಕು. ಎರಡನೆಯದನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿ, ಆಗ ಅದು ನಂಬರ್ ಹಂಚದೆ ವೈಫೈ ಮಾತ್ರ ಕೊಡುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂಬ ಹಾಗೆ ಬದಲಿಸಿ, ನಂಬರ್ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಎರಡರದ್ದೂ ಲ್ಯಾನ್ ಪೋರ್ಟ್‌ಗೆ (ಮನೆಯ ಯಂತ್ರಗಳಿಗೆ ಇರುವ ತೂತು) ಚುಚ್ಚಿ. ಎರಡನೆಯದರ ವ್ಯಾನ್ ಪೋರ್ಟ್‌ಗೆ (ಹೊರಗಿನ ಲೈನಿಗೆ ಇರುವ ತೂತು) ಚುಚ್ಚಿದರೂ ನೆಟ್ ಬರುತ್ತದೆ, ಆದರೆ ಮೇಲಿನ ಕೋಣೆ ಬೇರೆಯೇ ನೆಟ್‌ವರ್ಕ್ ಆಗಿ, ಅಲ್ಲಿಂದ ಕೆಳಗಿನ ಪ್ರಿಂಟರ್ ಹುಡುಕಿದರೂ ಸಿಗುವುದಿಲ್ಲ.

ಒಎನ್‌ಟಿ ಮತ್ತು ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇರಲಿ. ಹೆಚ್ಚಿನವು 12 ವೋಲ್ಟ್‌ನವು. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡು ತನ್ನಿ.

ಫೋಲ್ಡರ್, ಪ್ರಿಂಟರ್ ಹಂಚಿಕೊಳ್ಳುವುದು

ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ಗೆ ಹೋಗಿ ನಿಮ್ಮ ವೈಫೈ ಅಥವಾ ಈಥರ್ನೆಟ್ ಮೇಲೆ ಒತ್ತಿ, ‘ಪ್ರೈವೇಟ್ ನೆಟ್‌ವರ್ಕ್’ ಆರಿಸಿ. ಬಸ್‌ಸ್ಟ್ಯಾಂಡ್, ಲಾಡ್ಜ್ ವೈಫೈಗೆ ‘ಪಬ್ಲಿಕ್’ ಇರಬೇಕು, ಮನೆಗೆ ಪ್ರೈವೇಟ್. ನಂತರ ‘ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್’ನಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಹಂಚಬೇಕಾದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಶೇರಿಂಗ್’. ಒಂದೇ ಫೋಲ್ಡರ್ ಹಂಚಿ, ಇಡೀ ಸಿ ಡ್ರೈವ್ ಹಂಚಬೇಡಿ.

ಇನ್ನೊಂದು ಕಂಪ್ಯೂಟರ್‌ನಿಂದ ತೆರೆಯುವಾಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಕಂಪ್ಯೂಟರ್ ತೆರೆಯಲು ದಿನಾ ಹೊಡೆಯುವ ನಾಲ್ಕಂಕಿಯ ಪಿನ್ ನಂಬರ್ ಇಲ್ಲಿ ನಡೆಯುವುದಿಲ್ಲ, ಆ ಖಾತೆಯ ಪಾಸ್‌ವರ್ಡ್ಡೇ ಬೇಕು. ಫೋಲ್ಡರ್ ಇರುವ ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ಫೋಲ್ಡರ್ ಕಾಣದು, ಅದನ್ನು ಎಬ್ಬಿಸಿ.

ಅಪ್ಪಯ್ಯನ ಹಳೆ ಲೆಕ್ಕವೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆ ಫಾಂಟ್‌ನಲ್ಲಿತ್ತು. ಅಕ್ಕ ಮೇಲಿನ ಕೋಣೆಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲ್ ಕೆಟ್ಟಿರಲಿಲ್ಲ, ಅವಳ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲ. ಹೊಸದಾಗಿ ಬರೆಯುವುದನ್ನು ಎಲ್ಲ ಯಂತ್ರಕ್ಕೂ ತಿಳಿಯುವ ಯುನಿಕೋಡ್‌ನಲ್ಲೇ ಬರೆಯಿರಿ, ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಕನ್ನಡ ಟೈಪಿಂಗ್‌ಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಅಭ್ಯಾಸ ಇರುವವರು ಹೊಸ ನುಡಿಯಲ್ಲಿ ಅದೇ ಬೆರಳಿನ ಅಭ್ಯಾಸದಲ್ಲಿ ಯುನಿಕೋಡ್ ಬರೆಯಬಹುದು.

ನೆಟ್ ಹೋದಾಗ ಎಲ್ಲಿ ತುಂಡಾಗಿದೆ ಎಂದು ಹುಡುಕುವುದು

ಸುಮ್ನೆ ಎಲ್ಲವನ್ನೂ ಆಫ್, ಆನ್ ಮಾಡುತ್ತಾ ಕೂರಬೇಡಿ. ಮೊದಲು ಒಎನ್‌ಟಿ ದೀಪ ನೋಡಿ. ‘ಲಾಸ್’ (LOS) ಎಂಬುದು ಕೆಂಪಾಗಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ. ಫೈಬರ್ ತೀರಾ ಮಡಚಿಕೊಂಡಿದೆಯಾ, ಇಲಿ ಕಡಿದಿದೆಯಾ ಎಂದು ಮನೆಯೊಳಗೆ ನೋಡಿ. ಇಲ್ಲದಿದ್ದರೆ ಅದು ಲೈನಿನವರ ಕೆಲಸ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಕಣ್ಣಿಗೆ ಕಾಣದ ಲೇಸರ್ ಅದು.

ದೀಪ ಸರಿ ಇದ್ದರೆ ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ಸಿ-ಎಂ-ಡಿ ಎಂದು ಹೊಡೆದು ಎಂಟರ್ ಕೊಡಿ. ಬರುವ ಕಪ್ಪು ಪರದೆಯಲ್ಲಿ ‘ಐಪಿಕಾನ್ಫಿಗ್’ (ipconfig) ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಹೊಡೆದು ಎಂಟರ್ ಕೊಡಿ. ನಿಮ್ಮ ನಂಬರ್ 169.254 ಎಂದು ಶುರುವಾದರೆ ರೂಟರ್ ಉತ್ತರ ಕೊಡದೆ ಕಂಪ್ಯೂಟರ್ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಎಂದರ್ಥ. ಕೇಬಲ್, ಪಿನ್, ರೂಟರ್ ನೋಡಿ. ನಂಬರ್ ಸರಿ ಇದ್ದರೆ ‘ಡೀಫಾಲ್ಟ್ ಗೇಟ್‌ವೇ’ ಎದುರಿನ ನಂಬರ್‌ಗೆ ‘ಪಿಂಗ್’ ಮಾಡಿ, ಅಂದರೆ ping ಎಂದು ಹೊಡೆದು, ಜಾಗ ಬಿಟ್ಟು ಆ ನಂಬರ್ ಹೊಡೆದು ಎಂಟರ್ ಕೊಡಿ. ಅದು ರೂಟರನ್ನು "ಓ" ಎಂದು ಕರೆದ ಹಾಗೆ. ‘ರಿಪ್ಲೈ’ ಬಂದರೆ ಮನೆಯೊಳಗೆ ಎಲ್ಲ ಸರಿ. ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ, ಅದು ಗೂಗಲ್‌ನ ಹೊರಗಿನ ವಿಳಾಸ. ಅಲ್ಲಿಂದಲೂ ಉತ್ತರ ಬಂದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ತೊಂದರೆ ಡಿಎನ್‌ಎಸ್‌ನಲ್ಲಿ. ವೆಬ್‌ಸೈಟಿನ ಹೆಸರು ಹೇಳಿದರೆ ನಂಬರ್ ಹುಡುಕಿ ಕೊಡುವುದು ಅದರ ಕೆಲಸ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ.

ನಮ್ಮ ಮನೆಯಲ್ಲಿ ಮೀಟರ್ ಬೋರ್ಡ್ ಪಕ್ಕ ಒಂದು ರಟ್ಟು ತೂಗು ಹಾಕಿದ್ದೇನೆ. ಯಾವ ದೀಪ ಯಾವುದಕ್ಕೆ, ರೂಟರ್ ನಂಬರ್ ಯಾವುದು, ಗ್ರಾಹಕ ಸಂಖ್ಯೆ ಎಷ್ಟು, ಗುಡುಗು ಬಂದರೆ ಮೊದಲು ಯಾವ ಕೇಬಲ್ ಕೀಳಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಹೋದ ವಾರ ನಾನು ಶಿವಮೊಗ್ಗದಲ್ಲಿದ್ದಾಗ ನೆಟ್ ಹೋಯಿತಂತೆ. ಅಪ್ಪಯ್ಯ ನನಗೆ ಫೋನ್ ಮಾಡಲಿಲ್ಲ. ನೇರ ಲೈನಿನವರಿಗೇ ಮಾಡಿ, "ಲಾಸ್ ಕೆಂಪಾಗಿದೆ, ಒಳಗೆ ಎಲ್ಲ ನೋಡಿದ್ದೇನೆ, ನಿಮ್ಮ ಕಡೆಯೇ ಹೋಗಿದೆ" ಅಂದರಂತೆ.