ಇಪ್ಪತ್ತೆರಡು ಜನ, ಒಂದು ಜಗಲಿ

ಜಯನಗರದ ಕಚೇರಿಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿದ್ದು 2020ರ ಡಿಸೆಂಬರ್‌ನಲ್ಲಿ. ಕುರ್ಚಿ, ಮೇಜುಗಳನ್ನು ಸಿಕ್ಕಷ್ಟಕ್ಕೆ ಮಾರಿದೆವು. ಹಿತ್ತಾಳೆಯ ಕಾಫಿ ಫಿಲ್ಟರ್ ಮಾತ್ರ ನನ್ನ ಮನೆಗೆ ಬಂತು. ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುವ ಸಣ್ಣ ಸಂಸ್ಥೆ ನಮ್ಮದು, ಈಗ ಇಪ್ಪತ್ತೆರಡು ಜನ ಇದ್ದೇವೆ. ಆಡಳಿತ ನೋಡಿಕೊಳ್ಳುವವಳು ನಾನು: ಸಂಬಳ, ರಜೆ, ಬಿಲ್ಲು, ಜೊತೆಗೆ ಯಾರಿಗೆ ಯಾರ ಮೇಲೆ ಮುನಿಸು ಎಂಬ ಪಂಚಾಯಿತಿ. ಆ ವರ್ಷದ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದವರು ಅಲ್ಲೇ ಉಳಿದರು. ಆಮೇಲೆ ಸೇರಿದ ಹತ್ತು ಜನರನ್ನಂತೂ ನಾವು ಸಂದರ್ಶನ ಮಾಡಿದ್ದೂ ಪರದೆಯ ಮೇಲೆಯೇ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ತಂಡದೊಳಗೂ ನಾವು ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುತ್ತೇವೆ: ಕಲಬುರಗಿಯವರು, ಉಡುಪಿಯವರು, ಪುಣೆಯವರು, ಕೊಚ್ಚಿಯವರು.

ಮೊದಲ ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಸಂದೇಶಗಳು ಹುಳಿಯಾಗತೊಡಗಿದವು. ಕಲಬುರಗಿಯವರು ತಂತ್ರಾಂಶ ಪರೀಕ್ಷಿಸುವವರು. ಯಾರು ಎಷ್ಟೇ ಉದ್ದ ವಿವರಣೆ ಬರೆದರೂ ಅವರಿಂದ ಬರುತ್ತಿದ್ದುದು ‘ಓಕೆ’ ಎಂಬ ಒಂದು ಪದ, ಅದರ ಮುಂದೆ ಒಂದು ಪೂರ್ಣವಿರಾಮ. ಆ ಚುಕ್ಕಿಯನ್ನು ಕಂಡರೆ ಉಡುಪಿಯವರಿಗೆ ಮೈಯುರಿ. "ಬಾಗಿಲನ್ನು ಧಡಾರನೆ ಹಾಕಿದ ಹಾಗೆ ಕೇಳಿಸುತ್ತದೆ ಅಕ್ಕಾ" ಎಂದು ನನಗೆ ಫೋನ್ ಮಾಡಿ ಅತ್ತಿದ್ದೂ ಉಂಟು. ನಾನು ಕಲಬುರಗಿಯವರನ್ನು ಕೇಳಿದರೆ, "ಒಪ್ಪಿಕೊಂಡೆನಲ್ಲ ಮೇಡಂ, ಇನ್ನೇನು ಬರೆಯಬೇಕಿತ್ತು?" ಎಂದು ನಿಜಕ್ಕೂ ಗೊಂದಲಕ್ಕೆ ಬಿದ್ದರು.

ಎಲ್ಲರನ್ನೂ ಒಂದೆಡೆ ಸೇರಿಸೋಣ ಎಂಬ ಯೋಚನೆ ಬಂದದ್ದು ಹೀಗೆ. ದುಡ್ಡಿನ ಚಿಂತೆ ಇರಲಿಲ್ಲ. ತಿಂಗಳಿಗೆ 1.4 ಲಕ್ಷ ರೂಪಾಯಿ ಕಚೇರಿಯ ಬಾಡಿಗೆ ಉಳಿಯುತ್ತಿತ್ತು, ಅಂದರೆ ವರ್ಷಕ್ಕೆ 16.8 ಲಕ್ಷ. ವರ್ಡ್‌ಪ್ರೆಸ್ ಹಿಂದಿರುವ ಆಟೊಮ್ಯಾಟಿಕ್‌ನಂಥ ಸಂಸ್ಥೆಗಳು ಕೊರೊನಾಕ್ಕೆ ಬಹಳ ಮೊದಲಿನಿಂದಲೇ ಹೀಗೆ ಚದುರಿಕೊಂಡು ಕೆಲಸ ಮಾಡುತ್ತ, ಆಗಾಗ ಎಲ್ಲರನ್ನೂ ಒಂದು ಊರಿನಲ್ಲಿ ಸೇರಿಸುತ್ತಿದ್ದವು. ಗಿಟ್‌ಲ್ಯಾಬ್ ಎಂಬ ಇಂಥದೇ ತಂತ್ರಾಂಶ ಸಂಸ್ಥೆ ತನ್ನ ಕೆಲಸದ ಕೈಪಿಡಿಯನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. ಅದನ್ನು ನಾಲ್ಕು ರಾತ್ರಿ ಕೂತು ಓದಿದೆ. ಓದಿ ಮಾಡಿದ್ದು ಮಾತ್ರ ಎಡವಟ್ಟು.

2022ರ ನವೆಂಬರ್‌ನಲ್ಲಿ ಗೋವಾದ ಕಡಲತಡಿಯ ರೆಸಾರ್ಟ್ ಒಂದಕ್ಕೆ ಹೋದೆವು. ಕಾರ್ಯಕ್ರಮ ನಡೆಸಿಕೊಡುವವರೊಬ್ಬರನ್ನು ಗೊತ್ತು ಮಾಡಿದ್ದೆ. ಅವರು ಬಲೂನು ಒಡೆಸಿದರು, ಕಣ್ಣಿಗೆ ಬಟ್ಟೆ ಕಟ್ಟಿಸಿದರು, ಒಬ್ಬರು ಹಿಂದಕ್ಕೆ ಬೀಳಬೇಕು ಇನ್ನೊಬ್ಬರು ಹಿಡಿಯಬೇಕು ಎಂಬ ಆಟ ಆಡಿಸಿದರು. ಐವತ್ತೆರಡು ವಯಸ್ಸಿನ, ಜಿಲ್ಲಾ ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ನಮ್ಮಲ್ಲಿ ಸೇರಿದ ಲೆಕ್ಕಿಗರು ಬಣ್ಣದ ಟೋಪಿ ಹಾಕಿಕೊಂಡು ನಿಂತದ್ದು ಇಂದಿಗೂ ಕಣ್ಣ ಮುಂದಿದೆ. ಅವರು ದೂರಲಿಲ್ಲ, ನಗಲೂ ಇಲ್ಲ. ಸಂಜೆಯಾದರೆ ತಂಡ ಎರಡು ಹೋಳು: ಕುಡಿಯುವವರು ಕೊಳದ ಬಳಿ, ಕುಡಿಯದವರು ಎಂಟು ಗಂಟೆಗೇ ಕೋಣೆಯಲ್ಲಿ. ಹೆಂಗಸರಲ್ಲಿ ಹೆಚ್ಚಿನವರು ಎರಡನೆಯ ಹೋಳಿನಲ್ಲಿದ್ದರು. ಬೆಂಗಳೂರಿನವರು ಬೆಂಗಳೂರಿನವರೊಂದಿಗೇ ತಿಂದರು, ಬೆಂಗಳೂರಿನವರೊಂದಿಗೇ ಮರಳಿದರು.

ವಾಪಸು ಬಂದಮೇಲೆ ಜಿಎಸ್‌ಟಿ ಪೆಟ್ಟು. ವಸತಿಯ ತೆರಿಗೆ ಆ ಕಟ್ಟಡ ಇರುವ ರಾಜ್ಯಕ್ಕೆ ಸೇರುತ್ತದೆ. ನೋಂದಣಿ ಕರ್ನಾಟಕದಲ್ಲಿ ಮಾತ್ರ ಇರುವ ನಮಗೆ ಗೋವಾದ ಕೋಣೆಗಳಿಗೆ ಕಟ್ಟಿದ ತೆರಿಗೆಯ ಹೂಡುವಳಿ ಜಮೆ, ಅಂದರೆ ಅದನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ ಎಂದು ನಮ್ಮ ಲೆಕ್ಕಪರಿಶೋಧಕರು ತಣ್ಣಗೆ ಹೇಳಿದರು. ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ.

ಎರಡನೆಯದು 2023ರಲ್ಲಿ, ಮೈಸೂರಿನಲ್ಲಿ. ಗೋವಾದ ಪ್ರಾಯಶ್ಚಿತ್ತವೆಂಬಂತೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹವಾನಿಯಂತ್ರಿತ ಸಭಾಂಗಣದಲ್ಲಿ ಸ್ಲೈಡು ತೋರಿಸಿದೆವು. ಅದನ್ನೇ ವಿಡಿಯೊ ಕರೆಯಲ್ಲಿ ಮಾಡಿದ್ದರೆ ಚಹಾ ಖರ್ಚಾದರೂ ಉಳಿಯುತ್ತಿತ್ತು.

ಮೂರನೆಯ ಬಾರಿ ನಾನು ಹಟ ಹಿಡಿದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ತೋಟದ ಎರಡು ಅಕ್ಕಪಕ್ಕದ ಮನೆಗಳನ್ನು ಗೊತ್ತು ಮಾಡಿದೆ. ತಿಂಗಳು ಜುಲೈ, ವರ್ಷ 2024. ಮಳೆಗಾಲದಲ್ಲಿ ಯಾರಾದರೂ ಮಲೆನಾಡಿಗೆ ಹೋಗುತ್ತಾರೆಯೇ ಎಂದು ಸಂಸ್ಥಾಪಕರು ಗೊಣಗಿದರು. ನಮ್ಮ ಕಸುಬಿಗೆ ಅದೇ ಬಿಡುವಿನ ಕಾಲ: ಮಾರ್ಚ್ ಲೆಕ್ಕ ಮುಗಿದಿರುತ್ತದೆ, ಸೆಪ್ಟೆಂಬರ್‌ನ ಮಹಾಸಭೆಗಳ ಗಡಿಬಿಡಿ ಇನ್ನೂ ಹತ್ತಿರುವುದಿಲ್ಲ. ಬಾಡಿಗೆಯೂ ಕಡಿಮೆ. ಮಂಗಳವಾರದಿಂದ ಶುಕ್ರವಾರ ಎಂದು ದಿನ ಇಟ್ಟೆ. ಶನಿವಾರ, ಭಾನುವಾರ ಮನೆಯವರ ಪಾಲಿನವು, ಅದಕ್ಕೆ ಸಂಸ್ಥೆ ಕೈ ಹಾಕಬಾರದು. ಗೋವಾದಲ್ಲಿ ಹಾಕಿದ್ದೆವು.

ಸಾಧ್ಯವಾದವರೆಲ್ಲ ಮೈಸೂರು–ತಾಳಗುಪ್ಪ ರಾತ್ರಿ ರೈಲಿನಲ್ಲೇ ಬರಬೇಕೆಂದು ಹೇಳಿದೆ. ಮೈಸೂರಿನವರು ಮೊದಲೇ ಹತ್ತಿದ್ದರು, ನಾವು ಬೆಂಗಳೂರಿನಲ್ಲಿ ಹತ್ತಿದೆವು. ತಂಡ ಕಟ್ಟುವ ಕೆಲಸ ಸ್ಲೀಪರ್ ಬೋಗಿಯಲ್ಲೇ ಅರ್ಧ ಆಗಿಹೋಯಿತು ಎನ್ನಬೇಕು. ಯಾರಿಗೆ ಕೆಳಗಿನ ಬರ್ತ್ ಬೇಕು, ಯಾರು ಗೊರಕೆ ಹೊಡೆಯುತ್ತಾರೆ, ಯಾರು ಅಪರಿಚಿತ ಮುದುಕಿಯ ಗಂಟನ್ನು ಎತ್ತಿಡುತ್ತಾರೆ ಎಂಬುದೆಲ್ಲ ಪರದೆಯ ಮೇಲೆ ಎಂದೂ ತಿಳಿಯುವಂಥದ್ದಲ್ಲ. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಶಾಲೆಗಳಿಗೆ ರಜೆ ಕೊಡುವಂಥ ಮಳೆ.

ಹೊರಡುವ ಮೊದಲು ಎಲ್ಲರಿಗೂ ಒಂದೇ ಒಂದು ಸೂಚನೆ ಕಳಿಸಿದ್ದೆ: ಮನೆಯಿಂದ ಬುತ್ತಿ ತನ್ನಿ. ಕೊಂಡದ್ದು ಬೇಡ, ಮನೆಯಲ್ಲಿ ಮಾಡಿದ್ದು. ಮೊದಲ ಸಂಜೆ ಜಗಲಿಯ ಮೇಲೆ ಬಾಳೆ ಎಲೆ ಹಾಸಿ ಬುತ್ತಿ ಬಿಚ್ಚಿದೆವು. ಕಲಬುರಗಿಯವರು ಕಟಕಲು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ತಂದಿದ್ದರು, ಎಂಟು ಜನಕ್ಕೆ ಸಾಕಾಗುವಷ್ಟು. ರೊಟ್ಟಿ ಮುರಿಯದಿರಲೆಂದು ಅವರ ತಾಯಿ ಹಳೆಯ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ಸ್ಟೀಲ್ ತಟ್ಟೆ ಮುಚ್ಚಿಟ್ಟಿದ್ದರು. ಪುಣೆಯವರು ಹೆಂಡತಿ ಮಾಡಿದ ಥಾಲಿಪೀಟು ಎಂದು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅದನ್ನು ತಾನೇ ಮಾಡಿದ್ದೆಂದು ಒಪ್ಪಿಕೊಂಡರು. ಬಣ್ಣದ ಟೋಪಿಯ ಲೆಕ್ಕಿಗರು ಕೋಡುಬಳೆಯ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಹೋದರು. ಗೋವಾದಲ್ಲಿ ಮೂರು ದಿನದಲ್ಲಿ ಅವರ ಬಾಯಿಂದ ಬಂದ ಮಾತಿಗಿಂತ ಹೆಚ್ಚು ಮಾತನ್ನು ಆ ಒಂದು ಸುತ್ತಿನಲ್ಲಿ ಕೇಳಿದೆವು.

ಕೆಲಸ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ಎಂದು ಇಟ್ಟಿದ್ದೆ. ಉಳಿದ ಹೊತ್ತಿಗೆ ಏನೂ ಇಡಲಿಲ್ಲ. ಇದು ನನ್ನ ಧೈರ್ಯದಿಂದಾದದ್ದಲ್ಲ, ಇಡಲು ಹೊರಟಿದ್ದ ಜೋಗದ ಪ್ರವಾಸ ಮೊದಲ ದಿನವೇ ರದ್ದಾಯಿತು, ರಸ್ತೆಯ ಮೇಲೆ ಮರ ಬಿದ್ದಿತ್ತು. ಕರೆಂಟೂ ಹೋಯಿತು. ಇನ್ವರ್ಟರ್ ಇದ್ದದ್ದು ಎರಡು ದೀಪಕ್ಕೆ. ಮನೆಯ ಯಜಮಾನತಿ ಕೆಸುವಿನ ಎಲೆ ಕೊಯ್ದು ತಂದು, "ಸುಮ್ಮನೆ ಕೂತಿದ್ದೀರಲ್ಲ, ಪತ್ರೊಡೆ ಸುತ್ತಿಕೊಡಿ" ಎಂದರು. ಆರು ಜನ ಎಲೆಗೆ ಹಿಟ್ಟು ಬಳಿಯಲು ಕೂತರು. ಸುಮ್ಮನೆ ನೋಡುತ್ತಿದ್ದರೆ ಆರು ಜನರ ಸ್ವಭಾವವೂ ಅಲ್ಲೇ ಕಾಣುತ್ತಿತ್ತು. ಒಬ್ಬರು ಹೇಳಿಸಿಕೊಳ್ಳದೆ ಎಲೆಯ ನಾರು ಸವರತೊಡಗಿದರು. ಒಬ್ಬರು ಪ್ರತಿ ಎಲೆಗೂ "ಹೀಗೆಯೇ?" ಎಂದು ಕೇಳಿದರು. ತಂಡದ ಮುಖ್ಯಸ್ಥರಾದವರು ಮಾಡಿದ ಸುರುಳಿ ಮೂರು ಸಲ ಬಿಚ್ಚಿಕೊಂಡಿತು, ಆಗ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿ ಅವರ ಕೈಯಿಂದ ಅದನ್ನು ತೆಗೆದುಕೊಂಡು ಬಾಳೆ ನಾರಿನಿಂದ ಕಟ್ಟಿಕೊಟ್ಟಳು. ಅದಾದ ಮರುವಾರವೇ ಅವಳು ವಿಡಿಯೊ ಕರೆಯಲ್ಲಿ ಅವರನ್ನು ತಡೆದು, "ಸರ್, ಈ ಲೆಕ್ಕ ತಪ್ಪಿದೆ" ಎಂದಳು. ಹಿಂದಿನ ಎಂಟು ತಿಂಗಳಲ್ಲಿ ಅವಳ ಮೈಕ್ ತೆರೆದದ್ದನ್ನೇ ನಾನು ಕಂಡಿರಲಿಲ್ಲ.

ಚುಕ್ಕಿಯ ರಹಸ್ಯ ಬಯಲಾದದ್ದು ಮೂರನೆಯ ದಿನ. ಮೊಬೈಲ್ ಸಿಗ್ನಲ್ ಸಿಗುತ್ತಿದ್ದುದು ಜಗಲಿಯ ಬಡಗಣ ಮೂಲೆಯಲ್ಲಿ, ಕಂಬದ ಪಕ್ಕ ಮಾತ್ರ. ಸಂಜೆ ಎಲ್ಲರೂ ಅಲ್ಲಿ ಸಾಲಾಗಿ ಕೂತು ಮನೆಗೆ ಸುದ್ದಿ ಕಳಿಸುತ್ತಿದ್ದರು. ಉಡುಪಿಯವರು ಕೂತದ್ದು ಕಲಬುರಗಿಯವರ ಮಗ್ಗುಲಲ್ಲಿ. ಅವರು ಯಾರಿಗೋ ‘ಓಕೆ’ ಎಂದು ಒತ್ತಿ, ಹೆಬ್ಬೆರಳಿನಿಂದ ಖಾಲಿ ಜಾಗದ ಕೀಲಿಯನ್ನು ಟಕ್ ಟಕ್ ಎಂದು ಎರಡು ಸಲ ತಟ್ಟಿ, ಕಳಿಸಿದರು. ಎರಡು ಸಲ ತಟ್ಟಿದರೆ ಫೋನೇ ತಾನಾಗಿ ಪೂರ್ಣವಿರಾಮ ಹಾಕುತ್ತದೆ! "ಯಾಕೆ ಎರಡು ಸಲ ಒತ್ತುತ್ತೀರಿ?" ಎಂದು ಉಡುಪಿಯವರು ಕೇಳಿದರು. "ಒತ್ತುತ್ತೇನೆಯೇ?" ಎಂದು ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. ಹಳೆಯ ಫೋನಿನಲ್ಲಿ ಆ ಕೀಲಿ ಒಮ್ಮೆಗೆ ಕೇಳುತ್ತಿರಲಿಲ್ಲವಂತೆ, ಅಭ್ಯಾಸ ಉಳಿದುಕೊಂಡಿತ್ತು. ಎರಡು ವರ್ಷ ಆ ಚುಕ್ಕಿಯನ್ನು ಸಿಟ್ಟೆಂದು ಓದಿಕೊಂಡು ಅತ್ತವರು, ಓದಿಸಿಕೊಂಡವರು ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನಕ್ಕಿದ್ದನ್ನು ನೋಡಿ ನನಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ನಾನು ಆ ವಿಷಯಕ್ಕೆ ಎಷ್ಟು ಫೋನ್ ಮಾಡಿದ್ದೆ!

ಇನ್ನೊಂದು ಲಾಭ ಎಣಿಸದೆ ಬಂದದ್ದು. ಮಳೆ ಹೊಳವಾದ ಬೆಳಿಗ್ಗೆ ಅಂಗಳದಲ್ಲಿ ಕೊಳೆರೋಗದ ಔಷಧಿ ಕಲಸುತ್ತಿದ್ದರು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಡ್ರಮ್ಮಿನಲ್ಲಿ ಆಕಾಶದ ಬಣ್ಣ. ಪುಣೆಯವರು ನೋಡುತ್ತ ನಿಂತವರು ಒಮ್ಮೆಲೆ, "ಮೈ.ತು. ಅಂದರೆ ಇದೇ ಏನು?" ಎಂದರು. ಸಂಘಗಳು ಸದಸ್ಯರಿಗೆ ಸಾಲದ ಲೆಕ್ಕದಲ್ಲಿ ಕೊಡುವ ಸಾಮಗ್ರಿಗಳ ಪಟ್ಟಿಯಲ್ಲಿ ‘ಮೈ.ತು.’ ಎಂಬುದು ಮೂರು ವರ್ಷದಿಂದ ಅವರ ಕಣ್ಣೆದುರಿಗಿತ್ತು. ಯಾವುದೋ ಕಂಪನಿಯ ಹೆಸರೆಂದು ತಿಳಿದಿದ್ದರಂತೆ. ಅದೇ ದಿನ ಹತ್ತಿರದ ಸಂಘವೊಂದರ ಅನುಮತಿ ಪಡೆದು ಇಬ್ಬಿಬ್ಬರಾಗಿ ಕೌಂಟರಿನ ಹಿಂದೆ ಕೂತೆವು. ಅಲ್ಲಿನ ಗುಮಾಸ್ತರು ಪ್ರತಿ ರಸೀದಿಯ ಸಂಖ್ಯೆಯನ್ನು ಮೊದಲು ಉದ್ದನೆಯ ವಹಿಯಲ್ಲಿ ಕೈಯಲ್ಲಿ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ಹಾಕುತ್ತಿದ್ದರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ನಮ್ಮ ತಂತ್ರಾಂಶ ಹೊಸ ಸಂಖ್ಯೆ ಹುಟ್ಟಿಸುತ್ತದೆ, ನಡುವೆ ಒಂದು ಬಿಟ್ಟುಹೋಗುತ್ತದೆ, ಆಡಿಟ್‌ನವರು ಬಂದಾಗ ಉತ್ತರ ಹೇಳಬೇಕಾದವರು ಅವರು. ದೂರು ಕೊಟ್ಟಿರಲಿಲ್ಲವೇ ಎಂದು ಕೇಳಿದೆ. "ಯಾರಿಗೆ ಕೊಡುವುದಮ್ಮ?" ಎಂದರು. ಪುಣೆಯವರು, ಕಲಬುರಗಿಯವರು ಆ ರಾತ್ರಿ ಬ್ಯಾಟರಿ ಇರುವಷ್ಟು ಹೊತ್ತು ಕೂತು ಅದನ್ನು ಸರಿಪಡಿಸಿದರು. ಯಾರೂ ಹೇಳಿರಲಿಲ್ಲ.

ಈಗ ಇದು ವರ್ಷಕ್ಕೆ ಎರಡು ಸಲದ ಪದ್ಧತಿ. ತಲೆಗೆ ಸುಮಾರು 16,000 ರೂಪಾಯಿ ಬೀಳುತ್ತದೆ: ಮೂರು ರಾತ್ರಿಯ ವಸತಿ, ಊಟಕ್ಕೆ 8,400, ಪ್ರಯಾಣಕ್ಕೆ ಸರಾಸರಿ 4,000, ಉಳಿದದ್ದು ಜೀಪು, ಔಷಧಿ, ತಪ್ಪಿದ ರೈಲಿಗೆ ಬದಲಿ ಬಸ್ಸು. ಎರಡು ಸೇರಿ ಏಳು ಲಕ್ಷ ದಾಟುತ್ತದೆ, ಹಳೆಯ ಬಾಡಿಗೆಯ ಅರ್ಧಕ್ಕಿಂತ ಕಡಿಮೆ. ಇದು ಪ್ರವಾಸವಲ್ಲವಾದ್ದರಿಂದ ಯಾರ ರಜೆಯನ್ನೂ ಕಡಿಯುವುದಿಲ್ಲ. ಒಂದು ವರ್ಷದ ಮಗುವಿದ್ದ ಸಹೋದ್ಯೋಗಿ ಅತ್ತೆಯನ್ನು ಕರೆದುಕೊಂಡು ಬಂದರು, ಅತ್ತೆಯ ಟಿಕೆಟ್, ಕೋಣೆ ಸಂಸ್ಥೆಯ ಲೆಕ್ಕಕ್ಕೆ. ಮದ್ಯಕ್ಕೆ ಸಂಸ್ಥೆ ದುಡ್ಡು ಕೊಡುವುದಿಲ್ಲ. ಕೆಲವರು ನನ್ನನ್ನು ಮಡಿವಂತಳೆಂದು ಹಾಸ್ಯ ಮಾಡುತ್ತಾರೆ, ಮಾಡಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ರಕ್ಷಣೆ ಕೊಡುವ 2013ರ ಕಾಯ್ದೆಯಲ್ಲಿ ಕೆಲಸದ ನಿಮಿತ್ತ ಹೋದ ಊರು, ಸಂಸ್ಥೆಯೇ ಒದಗಿಸಿದ ವಾಹನ ಎಲ್ಲವೂ ಕೆಲಸದ ಸ್ಥಳವೇ. ತೋಟದ ಮನೆಯಾದರೂ ಅಷ್ಟೇ. ಹೊರಡುವ ಮೊದಲು, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿರುವವರ ಹೆಸರು, ಫೋನ್ ಸಂಖ್ಯೆಯನ್ನು ಮತ್ತೊಮ್ಮೆ ಎಲ್ಲರಿಗೂ ಕಳಿಸುತ್ತೇನೆ.

ಬಗೆಹರಿಯದ್ದೂ ಇದೆ. ಕೊಚ್ಚಿಯವರಿಗೆ ಕನ್ನಡ ಬಾರದು. ಬೆಳಗಿನ ಕೆಲಸ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ಸಂಜೆ ಜಗಲಿಗೆ ಬಂದರೆ ಮಾತು ತಾನಾಗಿ ಕನ್ನಡಕ್ಕೆ ಜಾರುತ್ತದೆ. ಎಚ್ಚರಿಸಿದರೆ ಐದು ನಿಮಿಷ ಇಂಗ್ಲಿಷು, ಆಮೇಲೆ ಮತ್ತೆ ಅದೇ. ಅವರು ನಗುತ್ತಲೇ ಕೂತಿರುತ್ತಾರೆ, ಆ ನಗು ನನಗೆ ಗೊತ್ತು, ಗೋವಾದಲ್ಲಿ ಲೆಕ್ಕಿಗರ ಮುಖದ ಮೇಲೆ ಅದೂ ಇರಲಿಲ್ಲ ಅಷ್ಟೇ. ಅವರ ಪಕ್ಕದಲ್ಲಿ ಪಾಳಿಯ ಮೇಲೆ ಒಬ್ಬರು ಕೂರಬೇಕೆಂದು ನಿಯಮ ಮಾಡಿದ್ದೆ, ಅವರಿಗೇ ಮುಜುಗರವಾಗಿ ಬಿಡಿಸಿದರು. ಹಾಗೆಯೇ, ಸೇರಿದ್ದರ ಬಿಸಿ ನಾಲ್ಕೈದು ತಿಂಗಳಿಗೆ ಆರುತ್ತದೆ. ನವೆಂಬರ್ ಹೊತ್ತಿಗೆ ಮತ್ತೆ ನನ್ನ ಫೋನು ಹೊಡೆದುಕೊಳ್ಳತೊಡಗುತ್ತದೆ. ಸಾಗರಕ್ಕೆ ಬಂದವರಲ್ಲಿ ಇಬ್ಬರು ಆರು ತಿಂಗಳೊಳಗೆ ಕೆಲಸ ಬಿಟ್ಟರು, ಹೆಚ್ಚು ಸಂಬಳಕ್ಕೆ. ಬುತ್ತಿ ಹಂಚಿಕೊಂಡವರು ಸಂಬಳ ನೋಡುವುದಿಲ್ಲ ಎಂದು ನಾನೇನೂ ಅಂದುಕೊಂಡಿರಲಿಲ್ಲ, ಸಂಸ್ಥಾಪಕರು ಅಂದುಕೊಂಡಿದ್ದರು.

ಬರುವ ಜನವರಿಗೆ ಧಾರವಾಡ. ಹನ್ನೊಂದು ಕೋಣೆ ಕಾದಿರಿಸಿದ್ದೇನೆ, ಒಂದು ಅಡುಗೆಮನೆಯನ್ನೂ ನಮಗೇ ಬಿಟ್ಟುಕೊಡುವಂತೆ ಕೇಳಿದ್ದೇನೆ. ರೊಟ್ಟಿ ತಟ್ಟುವುದನ್ನು ಕಲಿಸಲು ಕಲಬುರಗಿಯವರ ತಾಯಿ ತಾವೇ ಬರುವುದಾಗಿ ಹೇಳಿ ಕಳಿಸಿದ್ದಾರೆ. ಕೊಚ್ಚಿಯಿಂದ ಬರುವ ಟಿಕೆಟ್ ಮಾತ್ರ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ, ಇಂದು ಬೆಳಿಗ್ಗೆ ನೋಡಿದಾಗ 14.